ಮನೆಯಲ್ಲಿ ಜೋಡಿಸಿದ ಕಂಪ್ಯೂಟರಿನ ಎಸ್‌ಎಸ್‌ಡಿಗೆ ಓಎಸ್ ಹಾಕುವ ಕ್ರಮ

ಎಸ್‌ಎಸ್‌ಡಿಗೆ (ತಿರುಗುವ ತಟ್ಟೆಯ ಬದಲು ಚಿಪ್ಪುಗಳಲ್ಲಿ ಮಾಹಿತಿ ಇಡುವ ಡಿಸ್ಕಿಗೆ) ಓಎಸ್, ಅಂದರೆ ವಿಂಡೋಸ್, ಉಬುಂಟುವಿನಂತಹ ಮೂಲ ತಂತ್ರಾಂಶ ಹಾಕಲು ಕೂರುವ ಮೊದಲು ಹಳೆಯ ಹಾರ್ಡ್ ಡಿಸ್ಕಿನ ಕೇಬಲ್ಲನ್ನು ಕಳಚಿಡಿ. ಮುಂದೆ ಹೇಳುವುದರಲ್ಲಿ ಬೇರೆ ಏನನ್ನಾದರೂ ಮರೆತರೆ ಹೆಚ್ಚಾಗಿ ಅಲ್ಲಿಯೇ ತಿದ್ದಿಕೊಳ್ಳಬಹುದು. ಇದನ್ನು ಮರೆತರೆ ತಪ್ಪು ಆ ದಿನ ಕಾಣಿಸುವುದೇ ಇಲ್ಲ. ಧಾರವಾಡದ ನಮ್ಮ ಮನೆಯಲ್ಲಿ ನಾನು ಮೊದಲ ಸಲ ಎಸ್‌ಎಸ್‌ಡಿ ಕೂರಿಸಿದಾಗ 1 ಟಿಬಿಯ ಹಳೆಯ ಡಿಸ್ಕನ್ನೂ ಜೋಡಿಸಿಕೊಂಡೇ ವಿಂಡೋಸ್ ಹಾಕಿದ್ದೆ. ಎಲ್ಲ ಸುಸೂತ್ರವಾಗಿ ನಡೆಯಿತು. ಮರುವರ್ಷದ ಮಳೆಗಾಲದಲ್ಲಿ ಆ ಡಿಸ್ಕು ಕಟಕಟ ಸದ್ದು ಮಾಡತೊಡಗಿದ್ದರಿಂದ ಅದನ್ನು ತೆಗೆದಿಟ್ಟೆ. ಅಂದಿನಿಂದ ಕಂಪ್ಯೂಟರ್ ಏಳಲೇ ಇಲ್ಲ. ವಿಂಡೋಸಿನ ಫೈಲುಗಳೆಲ್ಲ ಎಸ್‌ಎಸ್‌ಡಿಯಲ್ಲಿಯೇ ಇದ್ದವು, ಆದರೆ ಅವನ್ನು ಎಬ್ಬಿಸುವ ಇಎಫ್‌ಐ ಎಂಬ ಸುಮಾರು 100 ಎಂಬಿಯ ಪುಟ್ಟ ಪಾರ್ಟಿಷನ್ (ಡಿಸ್ಕಿನ ಒಂದು ಪಾಲು) ಹಳೆಯ ಡಿಸ್ಕಿನಲ್ಲಿತ್ತು. ಕಂಪ್ಯೂಟರಿನಲ್ಲಿರುವ ಮತ್ತೊಂದು ಡಿಸ್ಕಿನಲ್ಲಿ ಅಂಥ ಪಾರ್ಟಿಷನ್ ಮೊದಲೇ ಇದ್ದರೆ ವಿಂಡೋಸ್ ಹೊಸದನ್ನು ಮಾಡದೆ ಅದನ್ನೇ ಬಳಸಿಕೊಂಡುಬಿಡುವುದುಂಟು. ಮನೆ ಧಾರವಾಡದಲ್ಲಿ, ಕೀಲಿಕೈ ಹಾವೇರಿಯಲ್ಲಿ ಎಂಬಂತಹ ಸ್ಥಿತಿ ಅದು.

ಯಾವ ಎಸ್‌ಎಸ್‌ಡಿ

ಎಸ್‌ಎಸ್‌ಡಿಗಳಲ್ಲಿ ಮುಖ್ಯವಾಗಿ ಎರಡು ಬಗೆ. ಎರಡೂವರೆ ಇಂಚಿನ ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ ಸುಮಾರು 550 ಎಂಬಿ ಓದಬಲ್ಲದು. ಮದರ್‌ಬೋರ್ಡಿನ ಮೇಲೆಯೇ ಕೂರುವ ಎನ್‌ವಿಎಂಇ ಎಸ್‌ಎಸ್‌ಡಿ, ಪಿಸಿಐಇ 3.0 ಎಂಬ ಹಳೆಯ ಪೀಳಿಗೆಯ ಸಂಪರ್ಕದ್ದಾದರೂ, 3,500 ಎಂಬಿಯವರೆಗೆ ಹೋಗುತ್ತದೆ. ಕೊಳ್ಳುವಾಗ ಎಡವುವುದು ಎಂ.2 ಎಂಬ ಹೆಸರಿನಲ್ಲಿ. ಎಂ.2 ಎಂಬುದು ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. 22 ಮಿಮೀ ಅಗಲ, 80 ಮಿಮೀ ಉದ್ದದ ಅದೇ ಪಟ್ಟಿಯ ಆಕಾರದಲ್ಲಿ ಸಾಟಾ ಎಸ್‌ಎಸ್‌ಡಿಯೂ ಸಿಗುತ್ತದೆ, ಎನ್‌ವಿಎಂಇಯೂ ಸಿಗುತ್ತದೆ. ಆದ್ದರಿಂದ ಹುಬ್ಬಳ್ಳಿಯ ಅಂಗಡಿಯಲ್ಲಿ ನಿಂತು ಬರಿದೆ 'ಎಂ.2 ಕೊಡಿ' ಎನ್ನದೆ, ನಿಮ್ಮ ಮದರ್‌ಬೋರ್ಡಿನ ಕೈಪಿಡಿಯಲ್ಲಿ ಆ ಸ್ಲಾಟು ಯಾವುದನ್ನು ಒಪ್ಪುತ್ತದೆಂದು ಮೊದಲು ನೋಡಿಕೊಂಡು ಹೋಗಿ. ಅದೇ ಪುಟದಲ್ಲಿ ಇನ್ನೊಂದು ಸಂಗತಿಯೂ ಇರುತ್ತದೆ: ಕೆಲವು ಬೋರ್ಡುಗಳಲ್ಲಿ ಎಂ.2 ಸ್ಲಾಟು ತುಂಬಿದರೆ ಒಂದೋ ಎರಡೋ ಸಾಟಾ ಪೋರ್ಟುಗಳು ಕೆಲಸ ನಿಲ್ಲಿಸುತ್ತವೆ. ಇದು ತಿಳಿಯದಿದ್ದರೆ ಕೆಟ್ಟಿರದ ಹಾರ್ಡ್ ಡಿಸ್ಕನ್ನು ಕೆಟ್ಟಿದೆಯೆಂದು ಎಸೆಯುವ ಪ್ರಸಂಗ ಬರುತ್ತದೆ. ಹನ್ನೆರಡು ವರ್ಷಕ್ಕಿಂತ ಹಳೆಯ ಬೋರ್ಡುಗಳಲ್ಲಿ ಹೆಚ್ಚಿನವು ಎನ್‌ವಿಎಂಇಯಿಂದ ಬೂಟ್ ಆಗುವುದಿಲ್ಲ, ಅಂದರೆ ಅದರಲ್ಲಿನ ಓಎಸ್ ಏಳುವುದಿಲ್ಲ. ಅಂಥವಕ್ಕೆ ಸಾಟಾವೇ ಸರಿ, ಮತ್ತು ಹಾರ್ಡ್ ಡಿಸ್ಕಿನಿಂದ ಬಂದವರಿಗೆ ಅದೇ ಬೇಕಾದಷ್ಟು ವೇಗವಾಗಿ ತೋರುತ್ತದೆ.

ಕೂರಿಸುವುದು

ಸ್ವಿಚ್ಚು ಆರಿಸಿ, ಗೋಡೆಯಿಂದ ಪ್ಲಗ್ಗನ್ನೂ ಕಿತ್ತು, ಆಮೇಲೆ ಕ್ಯಾಬಿನೆಟ್ ತೆರೆಯಿರಿ. ಧಾರವಾಡದ ಜಿಟಿಜಿಟಿ ಮಳೆಯ ದಿನಗಳಲ್ಲಿ ಸ್ಥಿರವಿದ್ಯುತ್ತಿನ ಭಯ ಕಡಿಮೆ. ಗಾಳಿ ಒಣಗಿದ ಚಳಿಗಾಲದಲ್ಲಿ, ಅದರಲ್ಲೂ ಉಣ್ಣೆಯ ಸ್ವೆಟರ್ ತೊಟ್ಟಿದ್ದರೆ, ಕ್ಯಾಬಿನೆಟ್ಟಿನ ಬಣ್ಣವಿಲ್ಲದ ಲೋಹದ ಭಾಗವನ್ನು ಆಗಾಗ ಮುಟ್ಟುತ್ತಿರಿ. ಎಂ.2 ಪಟ್ಟಿಯನ್ನು ಓರೆಯಾಗಿ ಸ್ಲಾಟಿನೊಳಗೆ ಪೂರ್ತಿ ತೂರಿಸಿ, ಮೆಲ್ಲಗೆ ಒತ್ತಿ ಮಲಗಿಸಿ, ತುದಿಗೆ ಸ್ಕ್ರೂ ಬಿಗಿಯಬೇಕು. ಆ ಸ್ಕ್ರೂ ಜೋಳದ ಕಾಳಿಗಿಂತ ದೊಡ್ಡದಿರುವುದಿಲ್ಲ, ನೆಲಕ್ಕೆ ಬಿದ್ದರೆ ಸಿಗುವುದಿಲ್ಲ. ಕೆಳಗೆ ಬಿಳಿಯ ಪಂಚೆಯನ್ನೋ ಟವೆಲ್ಲನ್ನೋ ಹಾಸಿಕೊಳ್ಳಿ. ಬೋರ್ಡಿನೊಂದಿಗೆ ಲೋಹದ ಹೀಟ್‌ಸಿಂಕ್ ಬಂದಿದ್ದರೆ ಅದರ ಒಳಮೈಯ ಮೆತ್ತನೆಯ ಪ್ಯಾಡಿಗೆ ಅಂಟಿಸಿರುವ ಪ್ಲಾಸ್ಟಿಕ್ ಹಾಳೆಯನ್ನು ಸುಲಿದು ತೆಗೆಯಲು ಮರೆಯಬೇಡಿ.

ಸಾಟಾ ಎಸ್‌ಎಸ್‌ಡಿಯಾದರೆ ಡೇಟಾ ಕೇಬಲ್ಲು ಒಂದು, ಎಸ್‌ಎಂಪಿಎಸ್‌ನಿಂದ (ಕಂಪ್ಯೂಟರಿಗೆ ವಿದ್ಯುತ್ ಒದಗಿಸುವ ಪೆಟ್ಟಿಗೆಯಿಂದ) ಬರುವ ಪವರ್ ಕೇಬಲ್ಲು ಇನ್ನೊಂದು. ಇಲ್ಲಿ ಒಂದು ಎಚ್ಚರಿಕೆಯನ್ನು ಸ್ವಲ್ಪ ಗಟ್ಟಿಯಾಗಿಯೇ ಹೇಳಬೇಕು. ಕೇಬಲ್ಲುಗಳನ್ನು ಬಿಚ್ಚಿ ಹಾಕಬಹುದಾದ ಮಾಡ್ಯುಲರ್ ಎಸ್‌ಎಂಪಿಎಸ್ ಇದ್ದವರು, ಹಳೆಯ ಎಸ್‌ಎಂಪಿಎಸ್‌ನ ಸಾಟಾ ಕೇಬಲ್ಲನ್ನು 'ತೂತು ಒಂದೇ ಆಕಾರದ್ದಿದೆಯಲ್ಲ' ಎಂದು ಹೊಸದಕ್ಕೆ ಸಿಕ್ಕಿಸಬಾರದು. ಎಸ್‌ಎಸ್‌ಡಿಯ ಕಡೆಯ ತುದಿಗೆ ನಿಗದಿಯಾದ ಮಾನದಂಡವಿದೆ, ಆದರೆ ಎಸ್‌ಎಂಪಿಎಸ್ ಕಡೆಯ ತುದಿಯಲ್ಲಿ ಯಾವ ಪಿನ್ನಿಗೆ ಎಷ್ಟು ವೋಲ್ಟ್ ಎಂಬುದನ್ನು ಪ್ರತಿಯೊಂದು ತಯಾರಕರೂ ತಮ್ಮ ಇಷ್ಟದಂತೆ ಇಟ್ಟುಕೊಂಡಿರುತ್ತಾರೆ. 5 ವೋಲ್ಟ್ ಬರಬೇಕಾದಲ್ಲಿ 12 ವೋಲ್ಟ್ ಬಂದರೆ ಹೊಸ ಎಸ್‌ಎಸ್‌ಡಿ ಸ್ವಿಚ್ಚು ಹಾಕಿದ ಗಳಿಗೆಯಲ್ಲಿಯೇ ಸುಟ್ಟುಹೋಗುತ್ತದೆ.

ಪೆನ್‌ಡ್ರೈವ್ ಮತ್ತು ಬಯಾಸ್

ಬೇರೆ ಕಂಪ್ಯೂಟರಿನಲ್ಲಿ ಕನಿಷ್ಠ 8 ಜಿಬಿಯ ಪೆನ್‌ಡ್ರೈವ್ ಸಿದ್ಧಪಡಿಸಿಕೊಳ್ಳಿ. ವಿಂಡೋಸ್ 11ಕ್ಕೆ ಮೈಕ್ರೋಸಾಫ್ಟ್ ತಾಣದಲ್ಲಿರುವ ಮೀಡಿಯಾ ಕ್ರಿಯೇಷನ್ ಟೂಲ್ ಸಾಕು. ಉಚಿತವಾಗಿ ಸಿಗುವ ಇನ್ನೊಂದು ಓಎಸ್ ಆದ ಉಬುಂಟುವಿಗಾದರೆ ಐಎಸ್‌ಒ ಫೈಲನ್ನು ಇಳಿಸಿಕೊಂಡು ರೂಫಸ್‌ನಂತಹ ತಂತ್ರಾಂಶದಿಂದ ಬರೆಯಬೇಕು. ಎರಡರಲ್ಲಿಯೂ ಪೆನ್‌ಡ್ರೈವಿನಲ್ಲಿ ಮೊದಲಿದ್ದದ್ದೆಲ್ಲ ಅಳಿಸಿಹೋಗುತ್ತದೆ. ಬರೆದಾದ ಮೇಲೆ ಮದರ್‌ಬೋರ್ಡ್ ತಯಾರಕರ ತಾಣದಿಂದ ಲ್ಯಾನ್ ಹಾಗೂ ವೈಫೈ ಡ್ರೈವರುಗಳನ್ನು (ಆ ಭಾಗಗಳನ್ನು ನಡೆಸುವ ತಂತ್ರಾಂಶಗಳನ್ನು) ಇಳಿಸಿ, ಅದೇ ಪೆನ್‌ಡ್ರೈವಿನ ಒಂದು ಫೋಲ್ಡರಿಗೆ ಹಾಕಿಡಿ, ಏಕೆಂದರೆ ಹೊಸ ವಿಂಡೋಸಿಗೆ ವೈಫೈ ಗುರುತು ಸಿಗದಿದ್ದರೆ ಇಂಟರ್‌ನೆಟ್ ಇಲ್ಲ, ಇಂಟರ್‌ನೆಟ್ ಇಲ್ಲದಿದ್ದರೆ ಡ್ರೈವರ್ ಇಲ್ಲ ಎಂಬ ಸುತ್ತಿನಲ್ಲಿ ಸಿಕ್ಕಿಕೊಳ್ಳುತ್ತೀರಿ.

ಯಾವುದನ್ನು ಹಾಕಬೇಕೆಂಬುದು ಪ್ರೊಸೆಸರನ್ನು ನೋಡಿ ತೀರ್ಮಾನಿಸುವ ಮಾತು. ವಿಂಡೋಸ್ 11 ಟಿಪಿಎಂ 2.0 (ಭದ್ರತೆಯ ಕೀಲಿಗಳನ್ನು ಕಾಯುವ ವ್ಯವಸ್ಥೆ), ಸೆಕ್ಯೂರ್ ಬೂಟ್ (ನಂಬಿಕೆಯ ತಂತ್ರಾಂಶವನ್ನಷ್ಟೇ ಬೂಟ್ ಆಗಲು ಬಿಡುವ ವ್ಯವಸ್ಥೆ), 4 ಜಿಬಿ ರ‍್ಯಾಮ್ ಮತ್ತು 64 ಜಿಬಿ ಜಾಗವನ್ನು ಕೇಳುತ್ತದೆ. ಸ್ಥೂಲವಾಗಿ ಇಂಟೆಲ್‌ನ 8ನೇ ಪೀಳಿಗೆ, ಎಎಂಡಿಯ ರೈಜನ್ 2000 ಸರಣಿ ಮತ್ತು ಅವುಗಳ ನಂತರದವನ್ನಷ್ಟೇ ಅಧಿಕೃತವಾಗಿ ಒಪ್ಪುತ್ತದೆ. ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹಾಗಾಗಿ ಹಳೆಯ ಪ್ರೊಸೆಸರಿಗೆ ಅಡ್ಡದಾರಿಯಲ್ಲಿ ವಿಂಡೋಸ್ 11 ತುರುಕುವುದಕ್ಕಿಂತ 2024ರ ಏಪ್ರಿಲ್‌ನಲ್ಲಿ ಬಂದ ಉಬುಂಟು 24.04 ಹಾಕಿಕೊಳ್ಳುವುದು ಮೇಲು ಎಂಬುದು ನನ್ನ ಅಭಿಪ್ರಾಯ. ಅದಕ್ಕೆ ಐದು ವರ್ಷಗಳ ಸಾಮಾನ್ಯ ಬೆಂಬಲವಿದೆ.

ಕಂಪ್ಯೂಟರ್ ಚಾಲೂ ಮಾಡಿದ ತಕ್ಷಣ ಡಿಲೀಟ್ ಅಥವಾ ಎಫ್2 ಕೀ ಒತ್ತುತ್ತಿದ್ದರೆ ಬಯಾಸ್, ಅಂದರೆ ಮದರ್‌ಬೋರ್ಡಿನ ಸೆಟ್ಟಿಂಗುಗಳ ಪರದೆ ತೆರೆಯುತ್ತದೆ. ಮೊದಲು ಎಸ್‌ಎಸ್‌ಡಿಯ ಹೆಸರು ಅಲ್ಲಿ ಕಾಣುತ್ತದೆಯೇ ನೋಡಿ. ಕಾಣದಿದ್ದರೆ ಮುಂದುವರಿಯುವುದು ವ್ಯರ್ಥ, ಪವರ್ ತೆಗೆದು ಮತ್ತೆ ಕೂರಿಸಿ. ಅನಂತರ ಸಿಎಸ್‌ಎಂ ಎಂಬ ಹಳೆಯ ಬಗೆಯ ಬೂಟಿನ ಆಯ್ಕೆಯನ್ನು ಆಫ್ ಮಾಡಿ ಯುಇಎಫ್‌ಐ ಎಂಬ ಹೊಸ ಬಗೆ ಮಾತ್ರ ಉಳಿಯುವಂತೆ ಮಾಡಬೇಕು, ಸಾಟಾ ಮೋಡ್ ಎಂಬಲ್ಲಿ ಎಎಚ್‌ಸಿಐ ಇರಬೇಕು, ಟಿಪಿಎಂ ಚಾಲೂ ಇರಬೇಕು. ಈ ಕೊನೆಯದನ್ನು ಇಂಟೆಲ್ ಬೋರ್ಡುಗಳಲ್ಲಿ ಪಿಟಿಟಿ ಎಂದೂ ಎಎಂಡಿ ಬೋರ್ಡುಗಳಲ್ಲಿ ಎಫ್‌ಟಿಪಿಎಂ ಎಂದೂ ಕರೆದಿರುತ್ತಾರೆ. ಬದಲಾವಣೆಗಳನ್ನು ಉಳಿಸಿ ಹೊರಬಂದು, ಮತ್ತೆ ಚಾಲೂ ಆಗುವಾಗ ಬೂಟ್ ಮೆನು ತೆರೆಯಿರಿ. ಅದಕ್ಕೆ ಆಸೂಸ್‌ನಲ್ಲಿ ಎಫ್8, ಎಂಎಸ್‌ಐ ಮತ್ತು ಎಎಸ್‌ರಾಕ್‌ನಲ್ಲಿ ಎಫ್11, ಗಿಗಾಬೈಟ್‌ನಲ್ಲಿ ಎಫ್12. ಒಂದೇ ಪೆನ್‌ಡ್ರೈವ್ ಎರಡು ಸಲ ಕಾಣಿಸಿದರೆ ಯುಇಎಫ್‌ಐ ಎಂದು ಆರಂಭವಾಗುವ ಸಾಲನ್ನೇ ಆರಿಸಬೇಕು.

ಹಾಕುವುದು

ಇನ್ನು ಅರ್ಧ ಗಂಟೆ ಕರೆಂಟ್ ಹೋಗಬಾರದು. ಯುಪಿಎಸ್ ಇಲ್ಲದ ಮನೆಯವರು ಏಪ್ರಿಲ್‌, ಮೇ ತಿಂಗಳ ಸಂಜೆಯ ಗುಡುಗುಮಳೆಯ ಹೊತ್ತನ್ನು ಬಿಟ್ಟು ಬೆಳಿಗ್ಗೆ ಕೂರುವುದು ಒಳ್ಳೆಯದು.

ಭಾಷೆ, ಕೀಬೋರ್ಡು ಇತ್ಯಾದಿಗಳನ್ನು ಕೇಳಿದ ಮೇಲೆ 25 ಅಕ್ಷರಗಳ ಪ್ರಾಡಕ್ಟ್ ಕೀ ಕೇಳುತ್ತದೆ. ಈಗ ಕೈಯಲ್ಲಿಲ್ಲವೆಂದು ಹೇಳಿ ಮುಂದೆ ಹೋಗಬಹುದು, ಆದರೆ ನಿಮ್ಮ ಲೈಸೆನ್ಸ್ ಹೋಮ್ ಆವೃತ್ತಿಯದೋ ಪ್ರೊ ಆವೃತ್ತಿಯದೋ ನೋಡಿಕೊಂಡು ಅದನ್ನೇ ಆರಿಸಿ. ಆಮೇಲೆ ಡಿಸ್ಕ್ ಆರಿಸುವ ಪರದೆ ಬರುತ್ತದೆ. ಹಳೆಯ ಡಿಸ್ಕನ್ನು ಕಳಚಿಟ್ಟಿದ್ದರೆ ಅಲ್ಲಿ ಎಸ್‌ಎಸ್‌ಡಿ ಮತ್ತು ಪೆನ್‌ಡ್ರೈವ್ ಬಿಟ್ಟು ಬೇರೇನೂ ಇರುವುದಿಲ್ಲ. ತಪ್ಪು ಡಿಸ್ಕನ್ನು ಅಳಿಸುವ ಭಯವೂ ಇರುವುದಿಲ್ಲ. 512 ಜಿಬಿ ಎಂದು ಕೊಂಡದ್ದು 476 ಜಿಬಿ ತೋರಿಸಿದರೆ ಅಂಗಡಿಯವರ ಮೇಲೆ ಸಂಶಯ ಬೇಡ: ತಯಾರಕರು ಸಾವಿರದ ಲೆಕ್ಕದಲ್ಲಿ ಎಣಿಸುತ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತದೆ. ಖಾಲಿ ಜಾಗವನ್ನು ಆರಿಸಿ ನೇರವಾಗಿ ಮುಂದೆ ಒತ್ತಿ. ಬೇಕಾದ ಪಾರ್ಟಿಷನ್ನುಗಳನ್ನು ಅದು ತಾನೇ ಮಾಡಿಕೊಳ್ಳುತ್ತದೆ. ಸಿ, ಡಿ, ಇ ಎಂದು ಮೂರು ಪಾಲು ಮಾಡುವ ಹಳೆಯ ರೂಢಿಯಿಂದ ಎಸ್‌ಎಸ್‌ಡಿಯಲ್ಲಿ ವೇಗವೇನೂ ಹೆಚ್ಚುವುದಿಲ್ಲ, ಕೊನೆಗೆ ಸಿ ತುಂಬಿ ಡಿ ಖಾಲಿ ಉಳಿಯುತ್ತದೆ.

ಎಸ್‌ಎಸ್‌ಡಿ ಎಂಬಿಆರ್ ಮಾದರಿಯಲ್ಲಿದೆ, ಜಿಪಿಟಿ ಬೇಕು ಎಂಬ ತಕರಾರು ಬಂದರೆ (ಇವು ಡಿಸ್ಕಿನ ಪಾಲುಗಳ ಪಟ್ಟಿ ಇಡುವ ಹಳೆಯ ಮತ್ತು ಹೊಸ ಬಗೆಗಳು), ಅದರಲ್ಲಿ ಉಳಿಸಿಕೊಳ್ಳಬೇಕಾದದ್ದು ಏನೂ ಇಲ್ಲವೆಂದು ಖಾತ್ರಿ ಮಾಡಿಕೊಂಡು ಎಲ್ಲ ಪಾರ್ಟಿಷನ್ನುಗಳನ್ನೂ ಅಳಿಸಿ. ಆಗಲೂ ಒಪ್ಪದಿದ್ದರೆ ಶಿಫ್ಟ್ ಮತ್ತು ಎಫ್10 ಒಟ್ಟಿಗೆ ಒತ್ತಿದಾಗ ತೆರೆಯುವ ಕಪ್ಪು ಕಿಟಕಿಯಲ್ಲಿ ಡಿಸ್ಕ್‌ಪಾರ್ಟ್ ನಡೆಸಿ, ಡಿಸ್ಕಿನ ಸಂಖ್ಯೆಯನ್ನು ಎರಡು ಸಲ ನೋಡಿ ಆರಿಸಿ, ಕ್ಲೀನ್ ಆಜ್ಞೆ ಕೊಡಬೇಕು.

ಡಿಸ್ಕೇ ಕಾಣದಿರುವುದು ಬೇರೆ ತೊಂದರೆ. ಗದಗಿನಲ್ಲಿರುವ ತಂಗಿಯ ಮಗ ಕಳೆದ ದೀಪಾವಳಿ ರಜೆಯಲ್ಲಿ ಫೋನ್ ಮಾಡಿ, "ಮಾಮಾ, ಬಯಾಸ್‌ನ್ಯಾಗ ಎಸ್‌ಎಸ್‌ಡಿ ಕಾಣತೈತಿ, ವಿಂಡೋಸ್ ಹಾಕೂ ಮುಂದ ಕಾಣವಲ್ದು" ಎಂದಿದ್ದ. ಇಂಟೆಲ್‌ನ 11ನೇ ಪೀಳಿಗೆ ಮತ್ತು ಅದರ ನಂತರದ ಬೋರ್ಡುಗಳಲ್ಲಿ ವಿಎಂಡಿ ಎಂಬ, ಹಲವು ಎಸ್‌ಎಸ್‌ಡಿಗಳನ್ನು ಒಟ್ಟಿಗೆ ನಿಭಾಯಿಸುವ ಆಯ್ಕೆ ಚಾಲೂ ಇದ್ದರೆ ಹೀಗಾಗಬಹುದು. ಒಂದೇ ಎಸ್‌ಎಸ್‌ಡಿ ಇರುವ ಮನೆಯ ಕಂಪ್ಯೂಟರಿಗೆ ಅದರ ಅಗತ್ಯವಿಲ್ಲ. ಬಯಾಸ್‌ನಲ್ಲಿ ಅದನ್ನು ಆಫ್ ಮಾಡಿದರೆ ಡಿಸ್ಕು ಕಾಣುತ್ತದೆ. ಆಫ್ ಮಾಡುವುದಾದರೆ ವಿಂಡೋಸ್ ಹಾಕುವ ಮೊದಲೇ ಮಾಡಬೇಕು, ಹಾಕಿದ ಮೇಲೆ ಬದಲಿಸಿದರೆ ನೀಲಿ ಪರದೆ ಬಂದು ನಿಲ್ಲುವ ಸಂಭವವಿದೆ.

ಫೈಲುಗಳ ನಕಲು ಮುಗಿದು ಮೊದಲ ಸಲ ರೀಸ್ಟಾರ್ಟ್ ಆಗುವಾಗ ಪೆನ್‌ಡ್ರೈವ್ ತೆಗೆದುಬಿಡಿ. ಬಿಟ್ಟರೆ ಕೆಲವು ಬೋರ್ಡುಗಳು ಮತ್ತೆ ಅದರಿಂದಲೇ ಬೂಟ್ ಆಗಿ ಭಾಷೆ ಯಾವುದೆಂದು ಮೊದಲಿನಿಂದ ಕೇಳತೊಡಗುತ್ತವೆ. ಉಬುಂಟುವಿನಲ್ಲಿ ಇಷ್ಟು ಮಾತಿಲ್ಲ: ಇಡೀ ಡಿಸ್ಕ್ ಅಳಿಸಿ ಹಾಕುವ ಆಯ್ಕೆಯನ್ನು ಒತ್ತಿದರೆ ಉಳಿದದ್ದನ್ನು ಅದು ನೋಡಿಕೊಳ್ಳುತ್ತದೆ.

ಹಾಕಿದ ನಂತರ

ಮೊದಲು ಒಂದೆರಡು ಸಲ ಪೂರ್ತಿ ಆರಿಸಿ ಚಾಲೂ ಮಾಡಿ, ಎಸ್‌ಎಸ್‌ಡಿ ಒಂದರಿಂದಲೇ ಏಳುತ್ತದೆಂದು ನೋಡಿ. ಆಮೇಲೆ ಪವರ್ ತೆಗೆದು ಹಳೆಯ ಹಾರ್ಡ್ ಡಿಸ್ಕನ್ನು ಜೋಡಿಸಬಹುದು. ಬಯಾಸ್‌ನ ಬೂಟ್ ಕ್ರಮದಲ್ಲಿ ಎಸ್‌ಎಸ್‌ಡಿಯೇ ಮೊದಲಿರಲಿ. ಹಳೆಯ ಡಿಸ್ಕಿನಲ್ಲಿ ಹಳೆಯ ವಿಂಡೋಸ್ ಇದ್ದರೆ ತಿಂಗಳೊಪ್ಪತ್ತು ಹಾಗೆಯೇ ಇಟ್ಟು, ಬೇಕಾದ ಫೈಲುಗಳನ್ನೆಲ್ಲ ತೆಗೆದುಕೊಂಡ ಮೇಲೆ ಅಳಿಸಿದರಾಯಿತು.

ಡಿಫ್ರಾಗ್ ಮಾಡುವ, ಅಂದರೆ ಡಿಸ್ಕಿನಲ್ಲಿ ಚದುರಿದ ಫೈಲಿನ ತುಣುಕುಗಳನ್ನು ಒಟ್ಟುಗೂಡಿಸುವ ಹಳೆಯ ಅಭ್ಯಾಸವನ್ನು ಬಿಡಬೇಕು. ಎಸ್‌ಎಸ್‌ಡಿಯಲ್ಲಿ ತಿರುಗುವ ತಟ್ಟೆಯಿಲ್ಲವಾದ್ದರಿಂದ ಅದರಿಂದ ಲಾಭವಿಲ್ಲ, ಮತ್ತೆ ಮತ್ತೆ ಬರೆಯುವುದರಿಂದ ಸವೆತವಷ್ಟೇ ಹೆಚ್ಚುತ್ತದೆ. ಅದಕ್ಕೆ ಬೇಕಾದದ್ದು ಟ್ರಿಮ್, ಅಂದರೆ ಅಳಿಸಿದ ಜಾಗ ಯಾವುದೆಂದು ಓಎಸ್ ಎಸ್‌ಎಸ್‌ಡಿಗೆ ತಿಳಿಸುವುದು. ವಿಂಡೋಸಿನಲ್ಲಿಯೂ ಉಬುಂಟುವಿನಲ್ಲಿಯೂ ಅದು ತಾನಾಗಿಯೇ ನಡೆಯುತ್ತದೆ. ಅದರ ಇನ್ನೊಂದು ಮುಖವೆಂದರೆ, ಹಾರ್ಡ್ ಡಿಸ್ಕಿನಲ್ಲಿ ಅಳಿಸಿದ ಫೋಟೋಗಳನ್ನು ಎಷ್ಟೋ ಸಲ ಮರಳಿ ಪಡೆದಂತೆ ಟ್ರಿಮ್ ಆದ ಎಸ್‌ಎಸ್‌ಡಿಯಿಂದ ಪಡೆಯುವುದು ಬಹುತೇಕ ಅಸಾಧ್ಯ. ಮದುವೆಯ ಫೋಟೋ, ಜಮೀನಿನ ಉತಾರ ಇತ್ಯಾದಿಗಳ ಒಂದು ಪ್ರತಿ ಬೇರೆ ಡಿಸ್ಕಿನಲ್ಲಿರಲಿ.

ವಿಂಡೋಸ್ 11ರ 24ಎಚ್2 ಆವೃತ್ತಿಯಿಂದೀಚೆಗೆ ಮೈಕ್ರೋಸಾಫ್ಟ್ ಖಾತೆಯಿಂದ ಒಳಹೊಕ್ಕರೆ, ಡಿಸ್ಕಿನ ಗೂಢಲಿಪೀಕರಣ (ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ಎನ್‌ಕ್ರಿಪ್ಷನ್) ನೀವು ಕೇಳದಿದ್ದರೂ ಚಾಲೂ ಆಗಬಹುದು. ಮುಂದೊಂದು ದಿನ ಬಯಾಸ್ ಅಪ್‌ಡೇಟ್ ಮಾಡಿದಾಗ 48 ಅಂಕಿಗಳ ರಿಕವರಿ ಕೀ ಕೇಳಬಹುದು. ಅದು ನಿಮ್ಮ ಖಾತೆಯಲ್ಲಿ ಇರುತ್ತದೆ. ಇವತ್ತೇ ತೆಗೆದು ಕಾಗದದ ಮೇಲೆ ಬರೆದು, ಎಸ್‌ಎಸ್‌ಡಿಯ ಬಿಲ್ಲಿನ ಜೊತೆಗೆ ಪಿನ್ನು ಹಾಕಿಡಿ.

ಕನ್ನಡ ಟೈಪಿಸಲು ವಿಂಡೋಸಿನ ಭಾಷೆಗಳ ಪಟ್ಟಿಯಲ್ಲಿ ಕನ್ನಡ ಸೇರಿಸಿದರೆ ಇನ್‌ಸ್ಕ್ರಿಪ್ಟ್ ಕೀಲಿಮಣೆ ಬರುತ್ತದೆ. ಉಬುಂಟುವಿನಲ್ಲಿ ಐಬಸ್‌ ಎಂಬ ಟೈಪಿಂಗ್ ವ್ಯವಸ್ಥೆಯ ಎಂ17ಎನ್ ಪ್ಯಾಕೇಜು ಹಾಕಿಕೊಂಡರೆ ಕಗಪ ಎಂಬ ಕೀಲಿಮಣೆ ವಿನ್ಯಾಸವೂ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಬೆರಳು ಪಳಗಿದವರಿಗೆ ಅದೇ ಅನುಕೂಲ.