ಸಿಟಿ ಸ್ಕ್ಯಾನಿನಲ್ಲಿ ಕಂಡ ಗಟ್ಟಿ ಭಾಗವನ್ನು ಅಂಗಾಂಶದಲ್ಲಿ ಹುಡುಕಿದ್ದು: ನನ್ನ ಅನುಭವ

ಶ್ವಾಸಕೋಶದ ಕಾಯಿಲೆಗಳಿಗೆ ಚಿಕಿತ್ಸೆ ನೀಡುವ ವೈದ್ಯರು ಸಂಶೋಧನೆಗೆ ಪ್ರಶ್ನೆಯನ್ನು ಹೊರಗೆಲ್ಲೋ ಹುಡುಕಬೇಕಾಗಿಲ್ಲ. ರೇಡಿಯಾಲಜಿಸ್ಟ್, ಅಂಗಾಂಶವನ್ನು ಪರೀಕ್ಷಿಸುವ ಪೆಥಾಲಜಿಸ್ಟ್, ಸರ್ಜನ್ ಮತ್ತು ಆಂಕಾಲಜಿಸ್ಟ್ ಒಟ್ಟಿಗೆ ಕೂತು ರೋಗಿಗಳ ಬಗ್ಗೆ ತೀರ್ಮಾನಿಸುವ ಟ್ಯೂಮರ್ ಬೋರ್ಡ್ ಸಭೆಯಲ್ಲಿ ಅದು ಮತ್ತೆ ಮತ್ತೆ ಎದುರಾಗುತ್ತಲೇ ಇರುತ್ತದೆ. ನನ್ನನ್ನು ಹಿಡಿದಿಟ್ಟ ಪ್ರಶ್ನೆ ಶ್ವಾಸಕೋಶದೊಳಗಿನ ಭಾಗಶಃ ಗಟ್ಟಿಯಾದ ಗಂಟುಗಳದ್ದು. ಸಿಟಿ ಸ್ಕ್ಯಾನಿನಲ್ಲಿ ಇವುಗಳ ಅಂಚು ಮಂಜು ಕವಿದ ಗಾಜಿನಂತೆ ಕಾಣುತ್ತದೆ, ಆ ಮಸುಕಿನ ಮೂಲಕ ರಕ್ತನಾಳಗಳ ಗೆರೆಗಳೂ ಕಾಣುತ್ತವೆ. ನಡುವೆ ಮಾತ್ರ ಒಂದು ಗಟ್ಟಿಯಾದ ಬಿಳಿ ಭಾಗವಿರುತ್ತದೆ. ಒಂದೇ ಅಳತೆಯ ಗಟ್ಟಿ ಭಾಗವಿದ್ದ ಇಬ್ಬರು ರೋಗಿಗಳಿಗೆ ಶಸ್ತ್ರಚಿಕಿತ್ಸೆಯಾದ ಮೇಲೆ ಒಬ್ಬರ ವರದಿಯಲ್ಲಿ ಸುತ್ತಲಿನ ಅಂಗಾಂಶಕ್ಕೆ ನುಗ್ಗಿದ ಕ್ಯಾನ್ಸರ್ ಇದೆಯೆಂದೂ ಮತ್ತೊಬ್ಬರ ವರದಿಯಲ್ಲಿ ಅಂಥದ್ದು ಬಹುತೇಕ ಇಲ್ಲವೆಂದೂ ಬರುತ್ತಿತ್ತು. ಹಾಗಾದರೆ ಸಿಟಿ ತೋರಿಸಿದ ಆ ಬಿಳುಪು ಯಾವುದರದ್ದು?

ಈ ಪ್ರಶ್ನೆಗೆ ತೂಕವಿರುವುದಕ್ಕೆ ಕಾರಣವಿದೆ. ಶ್ವಾಸಕೋಶದ ಕ್ಯಾನ್ಸರಿನ ಒಂದು ಬಗೆಯಾದ ಅಡಿನೋಕಾರ್ಸಿನೋಮಾ ಎಷ್ಟೋ ಸಲ ಗಾಳಿಗೂಡುಗಳ ಗೋಡೆಯನ್ನು ಒಡೆಯದೆ, ಅದರ ಮೇಲೆಯೇ ಹಬ್ಬಿಕೊಂಡು ಬೆಳೆಯಲು ಆರಂಭಿಸುತ್ತದೆ. ಗೂಡಿನೊಳಗೆ ಗಾಳಿ ಇನ್ನೂ ಉಳಿದಿರುವುದರಿಂದ ಸಿಟಿಯಲ್ಲಿ ಆ ಜಾಗ ಮಸುಕಾಗಿ ಕಾಣುತ್ತದೆಯೇ ಹೊರತು ಪೂರ್ತಿ ಬಿಳಿಯಾಗುವುದಿಲ್ಲ. ಜೀವಕೋಶಗಳು ಗೋಡೆಯನ್ನು ದಾಟಿ ಒಳನುಗ್ಗಿ, ಸುತ್ತ ನಾರಿನ ಅಂಗಾಂಶ ಕಟ್ಟಿಕೊಂಡಾಗ ಗಾಳಿ ಹೋಗಿ ಗಟ್ಟಿ ಭಾಗ ಮೂಡುತ್ತದೆ. 2011ರ ಅಂತರರಾಷ್ಟ್ರೀಯ ವರ್ಗೀಕರಣವು 3 ಸೆಂಟಿಮೀಟರ್‌ವರೆಗಿನ, ಒಳನುಗ್ಗುವಿಕೆ ಇಲ್ಲದ ಅಥವಾ ಒಳನುಗ್ಗುವಿಕೆ 5 ಮಿಲಿಮೀಟರ್ ಮೀರದ ಗೆಡ್ಡೆಗಳನ್ನು ಬೇರೆ ಗುಂಪಾಗಿ ಗುರುತಿಸಿತು. ಇವನ್ನು ಪೂರ್ತಿಯಾಗಿ ತೆಗೆದರೆ ಬಹುತೇಕ ಎಲ್ಲರೂ ಈ ಕಾಯಿಲೆಯಿಂದ ಪಾರಾಗುತ್ತಾರೆ. ಇದೇ ಕಾರಣಕ್ಕೆ, ಕ್ಯಾನ್ಸರ್ ಎಷ್ಟು ಮುಂದುವರಿದಿದೆಯೆಂದು ಹೇಳುವ ಟಿಎನ್‌ಎಂ ಹಂತ ನಿರ್ಧಾರದ 8ನೆಯ ಆವೃತ್ತಿಯು ಇಂಥ ಗಂಟುಗಳಲ್ಲಿ ಇಡೀ ಗಂಟನ್ನಲ್ಲ, ಗಟ್ಟಿ ಭಾಗವನ್ನಷ್ಟೇ ಅಳೆದು ಹಂತ ಹೇಳಬೇಕೆಂದಿತು. ಒಂದೆರಡು ಮಿಲಿಮೀಟರ್ ವ್ಯತ್ಯಾಸದ ಮೇಲೆ ಒಬ್ಬರ ಶ್ವಾಸಕೋಶದ ಇಡೀ ಹಾಲೆಯನ್ನು ತೆಗೆಯಬೇಕೇ, ಒಂದು ತುಂಡನ್ನಷ್ಟೇ ತೆಗೆದರೆ ಸಾಕೇ ಎಂಬ ಮಾತು ನಿಂತಿರುವಾಗ, ಆ ಬಿಳುಪು ಏನನ್ನು ಹೇಳುತ್ತಿದೆ ಎಂದು ತಿಳಿಯುವುದು ನನ್ನ ದಿನನಿತ್ಯದ ಕೆಲಸದ ಭಾಗವೇ ಆಗಿತ್ತು.

ಪ್ರಶ್ನೆ ಸಣ್ಣದಾಗಿದ್ದುದು ಅನುಕೂಲವಾಯಿತು. 2004ರಲ್ಲಿ ಇಜಿಎಫ್‌ಆರ್ ಎಂಬ ಜೀನಿನ ಮ್ಯೂಟೇಶನ್‌ಗಳು (ಡಿಎನ್‌ಎ ಬದಲಾವಣೆಗಳು), 2007ರಲ್ಲಿ ಎಎಲ್‌ಕೆ ಜೀನು ಬೇರೊಂದು ಜೀನಿನ ಜೊತೆ ಬೆಸೆದುಕೊಳ್ಳುವುದು ಬೆಳಕಿಗೆ ಬಂದ ಮೇಲೆ ಈ ಕಾಯಿಲೆಯ ಜೀವಶಾಸ್ತ್ರ ಎಷ್ಟು ವಿಸ್ತಾರವಾಗಿದೆಯೆಂದರೆ, ಹಗಲೆಲ್ಲ ರೋಗಿಗಳನ್ನು ನೋಡುವ ವೈದ್ಯರು ಅದರ ಎಲ್ಲ ದಿಕ್ಕಿಗೂ ಕೈ ಚಾಚಲು ಸಾಧ್ಯವಿಲ್ಲ. ಪ್ರಯೋಗಾಲಯದಲ್ಲೇ ಇರುವ ವಿಜ್ಞಾನಿಗಳಿಗೆ ಸುಲಭವಾಗಿ ಸಿಗದ, ನನಗೆ ಮಾತ್ರ ಸಿಗುವ ವಸ್ತು ಯಾವುದೆಂದು ಯೋಚಿಸಿದೆ. ಒಂದೇ ರೋಗಿಯ ಸ್ಕ್ಯಾನ್, ಆಪರೇಷನ್ ಆದ ಅಂಗಾಂಶ ಮತ್ತು ವರ್ಷಗಟ್ಟಲೆ ಮುಂದುವರಿಯುವ ಭೇಟಿ, ಈ ಮೂರೂ ನನ್ನ ಕೈಯಲ್ಲಿದ್ದವು. ಅವನ್ನು ಜಾಗಕ್ಕೆ ಜಾಗ ಹೊಂದಿಸಿ ನೋಡುವುದೇ ನನ್ನ ಕೆಲಸವೆಂದು ನಿಶ್ಚಯಿಸಿದೆ. ಗೆಡ್ಡೆಯ ಒಟ್ಟಾರೆ ಚಿತ್ರವನ್ನು ಒಟ್ಟಾರೆ ವರದಿಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಿದ ಅಧ್ಯಯನಗಳು ಬೇಕಾದಷ್ಟಿವೆ. ಚಿತ್ರದ ಈ ಬಿಂದುವಿನಲ್ಲಿ ಅಂಗಾಂಶದ ಯಾವ ಬಿಂದು ಇತ್ತು ಎಂದು ಹೇಳಬಲ್ಲಂಥವು ಕಡಿಮೆ.

ಜೀವಶಾಸ್ತ್ರಕ್ಕೆ ಹೋಗುವ ಮೊದಲು ಅಳತೆಯನ್ನು ನಂಬಬಹುದೇ ಎಂದು ನೋಡಬೇಕಿತ್ತು. 10 ಮಿಲಿಮೀಟರ್ ವ್ಯಾಸದ ದುಂಡಗಿನ ಗಂಟು 12.6 ಮಿಲಿಮೀಟರ್ ಆಯಿತೆಂದರೆ ಅದರ ಘನಗಾತ್ರ ಎರಡರಷ್ಟಾಗಿರುತ್ತದೆ. ಕಣ್ಣಿಗೆ ಅಲ್ಪವೆನಿಸುವ ಆ ಬೆಳವಣಿಗೆ ಜೀವಕೋಶಗಳ ಲೆಕ್ಕದಲ್ಲಿ ದೊಡ್ಡದು. ಆದರೆ ರೋಗಿ ಉಸಿರನ್ನು ಒಮ್ಮೆ ಪೂರ್ತಿ, ಮತ್ತೊಮ್ಮೆ ಅರ್ಧ ಎಳೆದುಕೊಂಡರೂ, ಸ್ಲೈಸಿನ ದಪ್ಪ 1 ಮಿಲಿಮೀಟರ್ ಬದಲು 5 ಆದರೂ, ಚಿತ್ರವನ್ನು ಚೂಪಾಗಿಸುವ ಕರ್ನಲ್ ಎಂಬ ಲೆಕ್ಕಾಚಾರ ಬದಲಾದರೂ ಗಂಟಿನ ಅಂಚು ಸರಿದಂತೆ ಕಾಣುತ್ತದೆ. ರೈಡರ್ ಎಂಬ ಸಾರ್ವಜನಿಕ ಸಂಗ್ರಹದಲ್ಲಿ 32 ರೋಗಿಗಳಿಗೆ ಸುಮಾರು 15 ನಿಮಿಷಗಳ ಅಂತರದಲ್ಲಿ ಎರಡು ಸಲ ಸಿಟಿ ಮಾಡಿದ ಚಿತ್ರಗಳಿವೆ. ಹದಿನೈದು ನಿಮಿಷದಲ್ಲಿ ಕ್ಯಾನ್ಸರ್ ಬೆಳೆಯುವುದಿಲ್ಲ. ಹಾಗಾಗಿ ಅಲ್ಲಿ ಕಾಣುವ ವ್ಯತ್ಯಾಸವೆಲ್ಲ ಅಳತೆಯದೇ. ಆ ಚಿತ್ರಗಳ ಮೇಲೆ ಕೈ ಪಳಗಿಸಿಕೊಂಡದ್ದು ನನಗೆ ಬಹಳ ಕಲಿಸಿತು. ಇನ್ನೊಂದು ಪ್ರಸಿದ್ಧ ಸಂಗ್ರಹವಾದ ಎಲ್‌ಐಡಿಸಿಯಲ್ಲಿ 1018 ಸ್ಕ್ಯಾನ್‌ಗಳನ್ನು ತಲಾ ನಾಲ್ವರು ರೇಡಿಯಾಲಜಿಸ್ಟರು ನೋಡಿದ್ದಾರೆ. 3 ಮಿಲಿಮೀಟರ್ ಅಥವಾ ಅದಕ್ಕಿಂತ ದೊಡ್ಡ ಗಂಟೆಂದು ಕನಿಷ್ಠ ಒಬ್ಬರಾದರೂ ಗುರುತಿಸಿದ 2669 ಜಾಗಗಳ ಪೈಕಿ ನಾಲ್ವರೂ ಒಪ್ಪಿದ್ದು 928ನ್ನು ಮಾತ್ರ. ಪರಿಣತರ ಕಣ್ಣುಗಳ ನಡುವೆಯೇ ಇಷ್ಟು ಅಂತರವಿರುವಾಗ, ನಾನೊಬ್ಬನೇ ಗೆರೆ ಎಳೆದು ಅದನ್ನು ಸತ್ಯವೆಂದು ಹೇಳುವ ಹಾಗಿರಲಿಲ್ಲ. ಆದ್ದರಿಂದ ನಮ್ಮಲ್ಲಿ ಇಬ್ಬರು, ಒಬ್ಬರದನ್ನು ಮತ್ತೊಬ್ಬರು ನೋಡದೆ, ಗಟ್ಟಿ ಭಾಗದ ಅಂಚನ್ನು ಗುರುತಿಸುತ್ತೇವೆ. ಕೆಲವು ವಾರ ಬಿಟ್ಟು ಅದೇ ಚಿತ್ರಗಳನ್ನು ಮತ್ತೆ ಗುರುತಿಸುತ್ತೇವೆ. ಈ ಎರಡು ಬಗೆಯ ಏರುಪೇರನ್ನು ಮೀರಿದ ಬದಲಾವಣೆಯನ್ನು ಮಾತ್ರ ಬದಲಾವಣೆಯೆಂದು ಪರಿಗಣಿಸುತ್ತೇವೆ.

ನಿಜವಾದ ಶ್ರಮವಿದ್ದದ್ದು ಆಪರೇಷನ್ ಕೊಠಡಿಯಿಂದ ಪೆಥಾಲಜಿ ಮೇಜಿನವರೆಗಿನ ದಾರಿಯಲ್ಲಿ. ದೇಹದೊಳಗೆ ಗಾಳಿ ತುಂಬಿಕೊಂಡು ಅರಳಿದ್ದ ಶ್ವಾಸಕೋಶ ಹೊರಗೆ ತೆಗೆದ ಕೂಡಲೇ ಕುಸಿದು, ಕೈಯಲ್ಲಿ ಮುದ್ದೆಯಾಗಿ ಮುದುಡಿಕೊಳ್ಳುತ್ತದೆ. ಹಾಗೆಯೇ ಕತ್ತರಿಸಿದರೆ ಸಿಟಿಯಲ್ಲಿ ಮಸುಕಾಗಿದ್ದ ಭಾಗವೂ ದಟ್ಟವಾಗಿ ಕಾಣುತ್ತದೆ. ಯಾವುದು ಮಸುಕು, ಯಾವುದು ಗಟ್ಟಿ ಎಂದು ಹೇಳಲು ಬರುವುದಿಲ್ಲ. ಇದಕ್ಕೆ ಪರಿಹಾರ ಹಳೆಯದೇ: ಶ್ವಾಸನಾಳದ ತುದಿಗೆ ಕೊಳವೆ ಸೇರಿಸಿ, ಅಂಗಾಂಶ ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವವನ್ನು ನಿಧಾನವಾಗಿ ಒಳಬಿಟ್ಟು, ಅಂಗಾಂಶ ಮತ್ತೆ ಅರಳಿ ಪ್ಲೂರಾ ಎಂಬ ಹೊರಪೊರೆಯ ಮೇಲಿನ ಸುಕ್ಕುಗಳು ಬಿಚ್ಚಿಕೊಳ್ಳುವವರೆಗೆ ತುಂಬಿಸುವುದು. ಅಂಚಿನ ಸಣ್ಣ ತುಂಡಾಗಿದ್ದು ಶ್ವಾಸನಾಳದ ಬಾಯಿ ಸಿಗದಿದ್ದರೆ ಸಣ್ಣ ಸೂಜಿಯಿಂದ ಹಲವು ಕಡೆ ಚುಚ್ಚಿ ತುಂಬಿಸುತ್ತೇವೆ. ಜೀನ್ ಪರೀಕ್ಷೆಗೆ ತಾಜಾ ತುಣುಕು ಬೇಕೆಂದಾದರೆ ಅದನ್ನು ಇದಕ್ಕೂ ಮೊದಲೇ ತೆಗೆದಿಟ್ಟು, ತೆಗೆದ ಜಾಗವನ್ನು ಬಣ್ಣದ ಶಾಯಿಯಿಂದ ಗುರುತಿಸಬೇಕು. ಫಾರ್ಮಲಿನ್ ಡಿಎನ್‌ಎಯಲ್ಲಿನ ಸೈಟೋಸಿನ್ ಎಂಬ ಘಟಕವನ್ನು ಕೆಡಿಸಿ, ಇಲ್ಲದ ಮ್ಯೂಟೇಶನ್ ಇದ್ದಂತೆ ತೋರಿಸಬಲ್ಲದು ಎಂಬುದನ್ನು ಮರೆಯುವಂತಿಲ್ಲ.

ಮರುದಿನ ಕತ್ತರಿಸುವಾಗ ಪಕ್ಕದ ಪರದೆಯ ಮೇಲೆ ರೋಗಿಯ ಸಿಟಿ ತೆರೆದಿರುತ್ತದೆ. ಸಿಟಿಯ ಅಡ್ಡ ಸ್ಲೈಸ್‌ಗಳಿಗೆ ಸಮಾನಾಂತರವಾಗಿ ತೆಳುವಾಗಿ ಕತ್ತರಿಸಿ, ಪ್ರತಿ ಹೋಳಿನ ಫೋಟೊ ತೆಗೆದು, ರಕ್ತನಾಳ ಮತ್ತು ಶ್ವಾಸನಾಳ ಕವಲೊಡೆಯುವ ಜಾಗಗಳನ್ನು ಗುರುತಾಗಿ ಹಿಡಿದು ಯಾವ ಹೋಳು ಯಾವ ಸ್ಲೈಸಿಗೆ ಸೇರಿದ್ದೆಂದು ಹೊಂದಿಸುತ್ತೇವೆ. ಗಂಟಿನ ಒಂದು ಬದಿಗೆ ಅಂಟಿಕೊಂಡು ಹೋದ ನಾಳವೊಂದು ಎರಡಾಗಿ ಒಡೆಯುವ ಕೋನ ಪರದೆಯ ಮೇಲೂ ಮೇಜಿನ ಮೇಲೂ ಒಂದೇ ಆಗಿ ಕಂಡಾಗ ಮಾತ್ರ ಮುಂದಿನ ಹೋಳಿಗೆ ಕತ್ತಿ ಇಡುತ್ತೇವೆ. ಯಾವ ಬ್ಲಾಕ್ (ಮೇಣದಲ್ಲಿ ಹುದುಗಿಸುವ ಅಂಗಾಂಶದ ತುಂಡು) ಎಲ್ಲಿಯದೆಂಬುದನ್ನು ಫೋಟೊದ ಮೇಲೆಯೇ ಚೌಕ ಎಳೆದು ಬರೆದಿಡುತ್ತೇವೆ. ಈ ಕೆಲಸವನ್ನು ಪೆಥಾಲಜಿಸ್ಟ್ ಒಪ್ಪದೆ ಮಾಡಲಾಗದು. ದಿನದ ಇತರ ಮಾದರಿಗಳ ರಾಶಿಯ ನಡುವೆ ಇಷ್ಟು ಹೊತ್ತನ್ನು ಅವರು ಕೊಡುವುದು ಪ್ರಶ್ನೆ ಅವರದೂ ಆಗಿರುವಾಗ ಮಾತ್ರ. ಸಂಶೋಧನೆಗೆ ಇಳಿಯುವ ಯಾವ ವೈದ್ಯರಿಗಾದರೂ ನಾನು ಮೊದಲು ಹೇಳುವುದು, ಪ್ರಶ್ನೆಯನ್ನು ಬರೆಯುವ ಹಂತದಲ್ಲೇ ಪೆಥಾಲಜಿಸ್ಟರನ್ನೂ ರೇಡಿಯಾಲಜಿಸ್ಟರನ್ನೂ ಜೊತೆಗೆ ಕೂರಿಸಿಕೊಳ್ಳಿ ಎಂದು.

ಸೂಕ್ಷ್ಮದರ್ಶಕದಡಿ ಕಂಡದ್ದು ನನ್ನ ಆರಂಭದ ಪ್ರಶ್ನೆಗೆ ನೇರವಾದ ಉತ್ತರ. ಬಿಳುಪಿನ ಬಹುಭಾಗ ಒಳನುಗ್ಗಿದ ಕ್ಯಾನ್ಸರೇ ಆಗಿದ್ದ ಗಂಟುಗಳಿದ್ದವು. ಆದರೆ ಗಾಳಿಗೂಡುಗಳು ಕುಸಿದು ಒಂದರ ಮೇಲೊಂದು ಒತ್ತಿಕೊಂಡ ಜಾಗಗಳೂ, ಹಳೆಯ ಗಾಯದ ಕಲೆಯ ನಾರೂ, ಲೋಳೆ ತುಂಬಿದ ಗೂಡುಗಳೂ ಸಿಟಿಯಲ್ಲಿ ಅದೇ ಬಿಳುಪನ್ನೇ ಕೊಡುತ್ತವೆ. ಕುಸಿತವನ್ನೂ ಒಳನುಗ್ಗುವಿಕೆಯನ್ನೂ ಬೇರ್ಪಡಿಸಲು ಎಲಾಸ್ಟಿಕ್ ನಾರುಗಳಿಗೆ ಬಣ್ಣ ಹಾಕುವ ವಿಧಾನ ನೆರವಾಯಿತು. ಗೂಡುಗಳ ಗೋಡೆಯಲ್ಲಿರುವ ಈ ನಾರುಗಳು ಕುಸಿದ ಜಾಗದಲ್ಲಿ ಒತ್ತೊತ್ತಾಗಿದ್ದರೂ ಸಾಲು ಕಡಿಯದೆ ಉಳಿದಿರುತ್ತವೆ. ಕ್ಯಾನ್ಸರ್ ನುಗ್ಗಿದಲ್ಲಿ ಅವು ತುಂಡಾಗಿ, ನಡುವೆ ಹೊಸ ನಾರಿನ ಅಂಗಾಂಶ ಬಂದಿರುತ್ತದೆ. ಕಪ್ಪು ಗೆರೆಗಳ ಆ ಸಾಲು ಎಲ್ಲಿ ಕಡಿಯಿತೆಂದು ಸ್ಲೈಡಿನ ಮೇಲೆ ಗುರುತಿಸಿ ಸಿಟಿಯ ಚೌಕಕ್ಕೆ ಹಿಂದಿರುಗಿದಾಗ, ಎಷ್ಟೋ ವರ್ಷ ನೋಡುತ್ತಲೇ ಬಂದಿದ್ದ ಚಿತ್ರವನ್ನು ಮೊದಲ ಸಲ ಓದಿದಂತಾಯಿತು. ಇದಕ್ಕೆ ವಿರುದ್ಧವಾದ ಸಂಗತಿಯೂ ಇದೆ. ಗೆಡ್ಡೆಯ ಅಂಚಿನಾಚೆಯ ಗಾಳಿಗೂಡುಗಳಲ್ಲಿ ತೇಲಿ ನಿಂತ ಕ್ಯಾನ್ಸರ್ ಕೋಶಗಳ ಸಣ್ಣ ಗುಂಪುಗಳು ಸಿಟಿಗೆ ಕಾಣುವುದೇ ಇಲ್ಲ. ಇಂಥ ಹರಡುವಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆಯ 2015ರ ವರ್ಗೀಕರಣ ಗುರುತಿಸಿದೆಯಾದರೂ, ಕತ್ತರಿಸುವ ಕತ್ತಿಯೇ ಕೋಶಗಳನ್ನು ಆಚೆ ಒಯ್ದಿರಬಹುದೆಂಬ ಅನುಮಾನ ಇರುವುದರಿಂದ ನಾವು ಪ್ರತಿ ಹೋಳಿಗೂ ಕತ್ತಿಯನ್ನು ಒರೆಸಿಯೇ ಮುಂದುವರಿಯುತ್ತೇವೆ.

ಜೀನ್‌ಗಳ ವಿಷಯಕ್ಕೆ ಬಂದಾಗ ಜಾಗದ ಲೆಕ್ಕ ಇನ್ನೂ ಮುಖ್ಯವಾಗುತ್ತದೆ. ಶ್ವಾಸಕೋಶದ ಕ್ಯಾನ್ಸರ್ ಹೇಗೆ ಬದಲಾಗುತ್ತದೆಂದು ನೋಡುವ ಟ್ರೇಸರ್‌ಎಕ್ಸ್ ಅಧ್ಯಯನವು 2017ರಲ್ಲಿ ತನ್ನ ಮೊದಲ 100 ರೋಗಿಗಳ ಗೆಡ್ಡೆಗಳನ್ನು ಹಲವು ಭಾಗಗಳಿಂದ ತೆಗೆದು ಪರೀಕ್ಷಿಸಿದ ಫಲಿತಾಂಶವನ್ನು ಪ್ರಕಟಿಸಿತು. ಇಜಿಎಫ್‌ಆರ್‌ನಂಥ ಆರಂಭದ ಮ್ಯೂಟೇಶನ್‌ಗಳು ಬಹುತೇಕ ಗೆಡ್ಡೆಯ ಎಲ್ಲ ಭಾಗದಲ್ಲೂ ಇದ್ದವು. ಆಮೇಲೆ ಸೇರಿದವು ಕೆಲವು ಭಾಗಗಳಲ್ಲಿ ಮಾತ್ರ ಇದ್ದವು. ಸೂಜಿ ಬಯಾಪ್ಸಿ ತರುವುದು ಒಂದು ಮೂಲೆಯ ಮಾತನ್ನಷ್ಟೇ. ಯಾವ ಮೂಲೆ ಎಂದು ಬರೆದಿಡದಿದ್ದರೆ ಆ ಮಾತನ್ನು ಚಿತ್ರಕ್ಕೆ ಜೋಡಿಸುವ ದಾರಿಯೇ ಇಲ್ಲ.

ಪೆಟ್ ಸ್ಕ್ಯಾನ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಕ್ಯಾನ್ಸರ್ ಕೋಶಗಳು ಗ್ಲೂಕೋಸನ್ನು ಹೆಚ್ಚಾಗಿ ಬಳಸುವುದನ್ನು ಓಟೋ ವಾರ್‌ಬರ್ಗ್ 1920ರ ದಶಕದಲ್ಲಿ ಕಂಡುಕೊಂಡರು. ಗ್ಲೂಕೋಸ್‌ನಂಥ, ವಿಕಿರಣ ಸೂಸುವ ಎಫ್‌ಡಿಜಿಯನ್ನು ಚುಚ್ಚಿ ಚಿತ್ರ ತೆಗೆಯುವ ಪೆಟ್ ನಿಂತಿರುವುದು ಅದರ ಮೇಲೆ. ಆದರೆ ಗೋಡೆಯ ಮೇಲೆ ಹಬ್ಬುವ ನಿಧಾನಗತಿಯ ಅಡಿನೋಕಾರ್ಸಿನೋಮಾ ಇದರಲ್ಲಿ ಮಂಕಾಗಿ ಕಾಣುತ್ತದೆ, ಕ್ಯಾನ್ಸರ್ ಅಲ್ಲದ ಕ್ಷಯ ಮತ್ತು ಸಾರ್ಕಾಯ್ಡೋಸಿಸ್ (ಉರಿಯೂತದ ಒಂದು ಕಾಯಿಲೆ) ಪ್ರಖರವಾಗಿ ಉರಿಯುತ್ತವೆ. ಗಂಟು ಎಷ್ಟು ಎಫ್‌ಡಿಜಿ ಹೀರಿಕೊಂಡಿತೆಂದು ಹೇಳುವ ಎಸ್‌ಯುವಿ ಎಂಬ ಅಂಕಿ ರಕ್ತದ ಸಕ್ಕರೆ, ಚುಚ್ಚುಮದ್ದಿನ ನಂತರ ಕಾದ ಸಮಯ ಮತ್ತು ಯಂತ್ರದ ಹೊಂದಾಣಿಕೆಯೊಂದಿಗೆ ಏರಿಳಿಯುತ್ತದೆ. ನನ್ನ ಸಣ್ಣ ಗಂಟುಗಳಿಗೆ ಅದರಿಂದ ಸಿಕ್ಕ ನೆರವು ಕಡಿಮೆ.

ಕಂಪ್ಯೂಟರ್ ಚಿತ್ರದಿಂದ ನೂರಾರು ಲಕ್ಷಣಗಳನ್ನು ಹೊರತೆಗೆಯುವ ರೇಡಿಯಾಮಿಕ್ಸ್ ನನ್ನನ್ನೂ ಸೆಳೆಯಿತು, ಈಗಲೂ ಸೆಳೆಯುತ್ತದೆ. 2014ರಲ್ಲಿ ಬಹಳ ಭರವಸೆ ಹುಟ್ಟಿಸಿದ ಒಂದು ಲಕ್ಷಣಗುಚ್ಛವನ್ನು ಐದು ವರ್ಷಗಳ ನಂತರ ಇತರರು ಮತ್ತೆ ಪರೀಕ್ಷಿಸಿದಾಗ, ಅದು ಮುಖ್ಯವಾಗಿ ಗೆಡ್ಡೆಯ ಘನಗಾತ್ರವನ್ನೇ ಬೇರೆ ರೂಪದಲ್ಲಿ ಹೇಳುತ್ತಿತ್ತೆಂದು ಕಂಡುಬಂತು. ಅಂದಿನಿಂದ ಯಾವ ಹೊಸ ಲಕ್ಷಣವನ್ನಾದರೂ ನಾನು ಮೊದಲು ಘನಗಾತ್ರದ ಎದುರಿಗೆ ನಿಲ್ಲಿಸಿ ನೋಡುತ್ತೇನೆ: ಘನಗಾತ್ರ ಗೊತ್ತಿದ್ದ ಮೇಲೂ ಇದು ಹೊಸದೇನನ್ನಾದರೂ ಹೇಳುತ್ತದೆಯೇ? ಬೇರೆ ಯಂತ್ರದ, ಬೇರೆ ಆಸ್ಪತ್ರೆಯ ಚಿತ್ರಗಳಲ್ಲಿ ಉಳಿಯುತ್ತದೆಯೇ? ಒಬ್ಬ ರೋಗಿಯ ಎರಡು ಗಂಟುಗಳಲ್ಲಿ ಒಂದು ಕಂಪ್ಯೂಟರಿನ ಕಲಿಕೆಯ ಗುಂಪಿಗೂ ಮತ್ತೊಂದು ಪರೀಕ್ಷೆಯ ಗುಂಪಿಗೂ ಹೋಗದಂತೆ ನೋಡಿಕೊಂಡಿದ್ದಾರೆಯೇ? ಇವು ಸರಳ ಪ್ರಶ್ನೆಗಳು, ಆದರೆ ಬಹಳಷ್ಟು ಪ್ರಬಂಧಗಳು ಇಲ್ಲಿಯೇ ಎಡವುತ್ತವೆ.

ರೋಗಿಯ ಒಪ್ಪಿಗೆ ಪಡೆಯುವಾಗ ನಾನು ಒಂದು ಗೆರೆಯನ್ನು ಬಿಗಿಯಾಗಿ ಹಿಡಿದಿದ್ದೇನೆ. ಚಿಕಿತ್ಸೆ ನೀಡುವವರೇ ಸಂಶೋಧನೆಗೂ ಕೇಳಿದರೆ ರೋಗಿಗೆ ಇಲ್ಲವೆನ್ನುವುದು ಕಷ್ಟ. ಆದ್ದರಿಂದ ಒಪ್ಪಿಗೆ ಪತ್ರವನ್ನು ವಿವರಿಸುವುದು ನನ್ನ ಕೊಠಡಿಯಲ್ಲಲ್ಲ, ನಾನೂ ಅಲ್ಲ. ಚಿತ್ರ ಚೆನ್ನಾಗಿ ಹೊಂದಲಿ ಎಂಬ ಕಾರಣಕ್ಕೆ ಹೆಚ್ಚುವರಿ ಸ್ಕ್ಯಾನ್ ಮಾಡಿಸುವುದಿಲ್ಲ, ಹಂತ ನಿರ್ಧಾರಕ್ಕೆ ಬೇಕಾದ ಅಂಗಾಂಶವನ್ನು ಸಂಶೋಧನೆಗೆ ಮುರಿಯುವುದಿಲ್ಲ. ಪೆಥಾಲಜಿಸ್ಟ್ ತಮ್ಮ ವರದಿಗೆ ಬೇಕಾದದ್ದನ್ನು ತೆಗೆದುಕೊಂಡ ಮೇಲೆ ಉಳಿದದ್ದೇ ನಮಗೆ.

ಈಗ ಇದೇ ಕ್ರಮವನ್ನು ಶಸ್ತ್ರಚಿಕಿತ್ಸೆಯಿಲ್ಲದ ರೋಗಿಗಳಿಗೂ ತರುತ್ತಿದ್ದೇವೆ. ಇಜಿಎಫ್‌ಆರ್ ಮ್ಯೂಟೇಶನ್‌ಗೆ ಮಾತ್ರೆ ತೆಗೆದುಕೊಳ್ಳುವವರಲ್ಲಿ ಉಳಿದ ಗೆಡ್ಡೆಗಳು ಕುಗ್ಗಿರುವಾಗಲೇ ಒಂದು ಮಾತ್ರ ಬೆಳೆಯತೊಡಗುವುದುಂಟು. ಕೆಲವರಲ್ಲಿ ಅದಕ್ಕೆ ಕಾರಣ ಮಾತ್ರೆಗೆ ಜಗ್ಗದಂತೆ ಮಾಡುವ ಟಿ790ಎಂನಂಥ ಹೊಸ ಮ್ಯೂಟೇಶನ್. ಇನ್ನು ಕೆಲವರಲ್ಲಿ ಆರ್‌ಬಿ1 ಮತ್ತು ಟಿಪಿ53 ಜೀನ್‌ಗಳನ್ನು ಕಳೆದುಕೊಂಡ ಅಡಿನೋಕಾರ್ಸಿನೋಮಾ ಸ್ಮಾಲ್ ಸೆಲ್ ಎಂಬ ಬೇರೆಯೇ ಬಗೆಯ ಕ್ಯಾನ್ಸರ್ ಆಗಿ ಬದಲಾಗಿರುತ್ತದೆ, ಮೊದಲಿನ ಇಜಿಎಫ್‌ಆರ್ ಮ್ಯೂಟೇಶನ್ ಅದರಲ್ಲೂ ಉಳಿದಿರುತ್ತದೆ. ಈ ಎರಡಕ್ಕೂ ಮುಂದಿನ ಔಷಧಿ ಬೇರೆ ಬೇರೆ, ಹಾಗಾಗಿ ಸೂಜಿ ಕುಗ್ಗಿದ ಗೆಡ್ಡೆಗಲ್ಲ, ಬೆಳೆದ ಗೆಡ್ಡೆಗೇ ಹೋಗಬೇಕು. ಬಯಾಪ್ಸಿ ಕೋರಿಕೆಯ ನಮೂನೆಗೆ ನಾವು ಎರಡು ಸಾಲು ಸೇರಿಸಿದ್ದೇವೆ: ಯಾವ ದಿನಾಂಕದ ಸ್ಕ್ಯಾನಿನ ಎಷ್ಟನೆಯ ಸ್ಲೈಸಿನಲ್ಲಿ ಸೂಜಿಯ ತುದಿ ನಿಂತಿತು, ಆ ಗೆಡ್ಡೆ ಹಿಂದಿನ ಸ್ಕ್ಯಾನಿಗಿಂತ ಬೆಳೆದಿತ್ತೇ, ಕುಗ್ಗಿತ್ತೇ. ಸೂಜಿ ಹಾಕಿದವರೇ ಕೈಗವಸು ತೆಗೆದ ಕೂಡಲೇ ಅದನ್ನು ತುಂಬುತ್ತಾರೆ, ಮತ್ತು ಆ ಎರಡು ಸಾಲು ಖಾಲಿಯಿರುವ ಮಾದರಿಯನ್ನು ನಾವು ಅಧ್ಯಯನಕ್ಕೆ ಸೇರಿಸಿಕೊಳ್ಳುವುದಿಲ್ಲ.