14 ಟ್ಯೂಬು, ಒಂದು ಪೆನ್ನು: ನನ್ನ ಗಜಕರ್ಣ ಹೋದ ಬಗೆ

ಗಜಕರ್ಣ, ಅಂದರೆ ಚರ್ಮಕ್ಕೆ ಹತ್ತುವ ಫಂಗಸ್, ನನ್ನನ್ನು ಬಿಟ್ಟು ಒಂದು ವರ್ಷ ಎರಡು ತಿಂಗಳಾಯಿತು. ಸೊಂಟ, ತೊಡೆಸಂದಿ, ಕಂಕುಳು, ಎಲ್ಲಾ ಕಡೆ ಚರ್ಮ ಕ್ಲೀನಾಗಿದೆ. ನಡುವೆ ಒಂದು ಬೇಸಿಗೆ, ಒಂದು ಮಳೆಗಾಲ ಪೂರ್ತಿ ಕಳೆದಿದೆ. "ಅದು ಒಂದ್ಸಲ ಹತ್ತಿದ್ರೆ ನಮ್ಮ ಜೊತೆಗೇ ಹೋಗೋದು ಬಿಡು" ಅಂತ ನಕ್ಕವರು ಈಗ ನನ್ನನ್ನೇ ಪಕ್ಕಕ್ಕೆ ಕರೆದು ಮೆಲ್ಲಗೆ ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳಿ ಸಾಕಾಗಿ ಬರೆಯುತ್ತಿದ್ದೇನೆ.

ನನ್ನದು ಬಾಯ್ಲರ್ ಪಕ್ಕದ ಕೆಲಸ. ದಪ್ಪ ಯೂನಿಫಾರ್ಮು, ಬೂಟು, ಎಂಟು ಗಂಟೆ ಪಾಳಿ. ಬೆವರಿನ ಬಗ್ಗೆ ನಿಮಗೆ ಹೇಳಬೇಕಾಗಿಲ್ಲ. ಫಂಗಸ್ ಮುಲಾಮುಗಳಲ್ಲಿ ಕ್ಲೋಟ್ರಿಮಜೋಲ್ ಯಾವುದು, ಟರ್ಬಿನಾಫಿನ್ ಯಾವುದು ಅಂತಲೂ ಹೇಳಬೇಕಾಗಿಲ್ಲ. ಇದನ್ನು ಓದುವವರ ಮನೆಯಲ್ಲಿ ಅರ್ಧ ಹಿಂಡಿದ ಎರಡು ಟ್ಯೂಬು ಇದ್ದೇ ಇರುತ್ತವೆ, ಅಲ್ವಾ?

ಮೊದಲು ದುಡ್ಡಿನ ಮಾತು. ಮೂರು ವರ್ಷದಲ್ಲಿ 14 ಟ್ಯೂಬು ಖಾಲಿ ಮಾಡಿದ್ದೇನೆ, ಒಂದೆರಡು ಹೆಚ್ಚು ಕಮ್ಮಿ ಇರಬಹುದು. ಪೌಡರ್ ಡಬ್ಬ, ಸೋಪು ಬೇರೆ.  ಅದರಲ್ಲೂ ಆರು ಟ್ಯೂಬು ನಾನೇ ಕೈಯಾರೆ ತಂದುಕೊಂಡ ಕೇಡು. ಔಷಧಿ ಅಂಗಡಿಯಲ್ಲಿ "ನವೆಗೆ ಒಳ್ಳೇದು ಕೊಡಿ" ಅಂದೆ, ಕೊಟ್ಟರು. ನವೆ ಎರಡೇ ದಿನದಲ್ಲಿ ನಿಂತಿತು. ಕೆಂಪು ಮಾಯ. ಭಲೇ ಮುಲಾಮು ಅಂತ ನಾಲ್ಕು ಜನಕ್ಕೆ ಶಿಫಾರಸು ಬೇರೆ ಮಾಡಿದೆ. ಬಿಟ್ಟ ಹತ್ತನೇ ದಿನಕ್ಕೆ ಬಿಲ್ಲೆಯಷ್ಟಿದ್ದದ್ದು ಅಂಗೈ ಅಗಲ ಆಗಿತ್ತು. ಮತ್ತೆ ಹಚ್ಚಿದೆ, ಮತ್ತೆ ಮಾಯ, ಮತ್ತೆ ಇನ್ನೂ ದೊಡ್ಡದು. ಟ್ಯೂಬಿನ ಮೇಲಿನ ಸಣ್ಣ ಅಕ್ಷರ ಓದಿದ್ದು ಆಮೇಲೆ. ಕ್ಲೋಬೆಟಾಸೋಲ್ ಇತ್ತು. ಸ್ಟೀರಾಯ್ಡು. ಅದು ಕೆಂಪನ್ನು, ನವೆಯನ್ನು ಅಡಗಿಸುತ್ತದೆ, ಕೆಳಗೆ ಫಂಗಸ್ ಆರಾಮಾಗಿ ಹಬ್ಬುತ್ತದೆ. ನೋಡಲು ಗಜಕರ್ಣದ ಹಾಗೂ ಇರುವುದಿಲ್ಲ, ಉಂಗುರ ಅಳಿಸಿಹೋಗಿರುತ್ತದೆ. ತೊಡೆಯ ಒಳಗಡೆ ಚರ್ಮ ತೆಳ್ಳಗಾಗಿ ಬಿದ್ದ ಬಿಳಿ ಗೆರೆಗಳು ಇವತ್ತಿಗೂ ಇವೆ, ಅವು ಹೋಗುವುದಿಲ್ಲವಂತೆ. ಹೆಸರಿನ ಕೊನೆಗೆ ಸೋಲ್, ಸೋನ್ ಅಂತಿದ್ದರೆ ಕೊಳ್ಳುವ ಮುಂಚೆ ಒಂದು ಸಲ ಕೇಳಿ. ಮಿಕೊನಜೋಲ್ ಕೂಡ 'ಜೋಲ್' ಅಂತಲೇ ಮುಗಿಯುತ್ತದೆ, ಅದು ಸ್ಟೀರಾಯ್ಡಲ್ಲ, ಫಂಗಸ್ಸಿನ ಔಷಧಿ. ಗೊಂದಲ ಮಾಡಿಕೊಳ್ಳಬೇಡಿ.

ನಡುವೆ ಮನೆಮದ್ದೂ ಆಯಿತು. ಬೆಳ್ಳುಳ್ಳಿ ಅರೆದು ಸೊಂಟಕ್ಕೆ ಕಟ್ಟಿಕೊಂಡು ಮಲಗಿದೆ. ಬೆಳಿಗ್ಗೆ ಫಂಗಸ್ ಹಾಗೇ ಇತ್ತು, ಸುತ್ತಲೂ ಸುಟ್ಟ ಬೊಬ್ಬೆ ಎದ್ದಿತ್ತು. ಪಾಳಿಗೆ ಬೆಲ್ಟು ಕಟ್ಟಲಾಗದೆ ಎರಡು ದಿನ ರಜೆ. ಆ ಎರಡು ದಿನದ ಸಂಬಳವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಕೊನೆಗೆ ಚರ್ಮದ ಡಾಕ್ಟರ ಹತ್ತಿರ ಹೋದೆ. ಅವರು ಏನೂ ಬರೆದುಕೊಡಲಿಲ್ಲ! "ಎಲ್ಲಾ ಮುಲಾಮು ನಿಲ್ಲಿಸಿ, ಎರಡು ವಾರ ಬಿಟ್ಟು ಬನ್ನಿ" ಅಂದರು. ಆ ಎರಡು ವಾರ ನರಕ. ಸ್ಟೀರಾಯ್ಡು ಬಿಟ್ಟ ಸಿಟ್ಟಿಗೆ ಚರ್ಮ ಉರಿದು ಹೋಯಿತು. ಆದರೆ ಅದರಿಂದಲೇ ಪರೀಕ್ಷೆ ಸರಿಯಾಗಿ ಆಯಿತು. ಅಂಚಿನಲ್ಲಿ ಮೊಂಡು ಬ್ಲೇಡಿನಿಂದ ಹೊಟ್ಟು ಕೆರೆದು ಗಾಜಿಗೆ ಹಾಕಿದರು, ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಒಂದು ಹನಿ ಬಿಟ್ಟರು. ಸ್ವಲ್ಪ ಹೊತ್ತು ಬಿಟ್ಟು ಸೂಕ್ಷ್ಮದರ್ಶಕದಲ್ಲಿ ನನಗೂ ತೋರಿಸಿದರು. ಚರ್ಮದ ಚೂರುಗಳ ಮೇಲೆ ಅಡ್ಡಾದಿಡ್ಡಿ ಹರಿದ ಗಾಜಿನಂಥ ಎಳೆಗಳು, ಅಲ್ಲಲ್ಲಿ ಕವಲು, ಅಲ್ಲಲ್ಲಿ ಗೆಣ್ಣು. ಮೂರು ವರ್ಷ ನನ್ನ ನಿದ್ದೆ ತಿಂದ ಪ್ರಾಣಿಯ ಮುಖ ಮೊದಲ ಸಲ ನೋಡಿದ್ದು. ನೋಡಿದ ಮೇಲೆ ಒಂದು ಥರ ಸಮಾಧಾನ ಆಯಿತು, ಯಾಕೋ ಗೊತ್ತಿಲ್ಲ.

ಫಂಗಸ್ಸಿಗೆ ನುಂಗುವ ಔಷಧಿ, ಇಟ್ರಾಕೊನಜೋಲ್ ಕ್ಯಾಪ್ಸೂಲು ಕೊಟ್ಟರು. ಅದಕ್ಕೆ ಮುಂಚೆ ಲಿವರ್ ಸರಿ ಇದೆಯಾ ಅಂತ ರಕ್ತ ಪರೀಕ್ಷೆ, ಹೃದಯದ ತೊಂದರೆ ಇದೆಯಾ, ಬೇರೆ ಮಾತ್ರೆ ಏನಾದರೂ ನಡೆಯುತ್ತಿದೆಯಾ ಅಂತ ವಿಚಾರಣೆ. ಬೇರೆ ಮಾತ್ರೆ ಇಲ್ಲ ಅಂದೆ. ನಾಲ್ಕು ವಾರ ನುಂಗಿದೆ. ಏನೂ ಆಗಲಿಲ್ಲ. ಕ್ಯಾಪ್ಸೂಲು ಅಗ್ಗದ್ದೇನಲ್ಲ, ಮನೆಯಲ್ಲಿ ಮುಖ ತೋರಿಸುವುದು ಕಷ್ಟ ಆಯಿತು. ಮತ್ತೆ ಹೋದಾಗ ಅವರು ಕೇಳಿದರು: "ಗ್ಯಾಸಿನ ಮಾತ್ರೆ ತಗೋತೀರಾ?" ತಗೋತೀನಿ, ದಿನಾ ಬೆಳಿಗ್ಗೆ ತಗೋತೀನಿ! ರಾತ್ರಿ ಪಾಳಿಯವನು, ಹೊಟ್ಟೆ ಉರಿ ಇದ್ದದ್ದೇ. ಅದನ್ನೆಲ್ಲ ಮಾತ್ರೆ ಅಂತ ಯಾರು ಲೆಕ್ಕ ಹಿಡಿಯುತ್ತಾರೆ? ಈ ಕ್ಯಾಪ್ಸೂಲು ಮೈಗೆ ಹತ್ತಬೇಕಾದರೆ ಹೊಟ್ಟೆಯಲ್ಲಿ ಆಮ್ಲ ಇರಬೇಕು, ಊಟದ ಜೊತೆ ತಗೋಬೇಕು. ನಾನು ಆಮ್ಲ ತೆಗೆದುಹಾಕಿ, ಖಾಲಿ ಹೊಟ್ಟೆಯಲ್ಲಿ ನುಂಗುತ್ತಿದ್ದೆ. ನಾಲ್ಕು ವಾರದ ದುಡ್ಡು ಟಾಯ್ಲೆಟ್ಟಿಗೆ ಹೋದ ಹಾಗಾಯಿತು. ನನ್ನ ಮಾತ್ರೆಯ ಪ್ರಮಾಣ ಇಲ್ಲಿ ಬರೆಯುವುದಿಲ್ಲ. ಅದನ್ನು ನೋಡಿ ನೀವೇ ಅಂಗಡಿಗೆ ಹೋಗುತ್ತೀರಿ, ನನಗೆ ಗೊತ್ತು.

ಕ್ಯಾಪ್ಸೂಲಿನ ಎರಡನೇ ಸುತ್ತಿನಿಂದ ನಾನು ಬಾಯ್ಲರಿನ ಹಾಗೇ ಇದಕ್ಕೂ ಲಾಗ್ ಬುಕ್ ಇಟ್ಟೆ. ಭಾನುವಾರ ಭಾನುವಾರ ಸ್ನಾನ ಆದ ಮೇಲೆ ಕೆಂಪು ಅಂಚಿನ ಮೇಲೇ ಮಾರ್ಕರ್ ಪೆನ್ನಿನಿಂದ ಗೆರೆ ಎಳೆಯುವುದು, ಅಡ್ಡಗಲ ಅಳೆದು ಬರೆಯುವುದು. ಶಾಯಿ ಮೂರು ದಿನಕ್ಕೆ ಮಾಸಿದರೆ ಮತ್ತೆ ತಿದ್ದುವುದು. ಕೆಂಪು ಆ ಗೆರೆಯನ್ನು ದಾಟಿತು ಅಂದರೆ ಸೋಲು, ಒಳಗೇ ಉಳಿಯಿತು ಅಂದರೆ ಗೆಲುವು. ಮೊದಲ ವಾರ ಸೊಂಟದ್ದು 11 ಸೆಂಟಿಮೀಟರ್ ಇತ್ತು, ಮೂರನೇ ವಾರಕ್ಕೆ 7 ಏನೋ. ಜೊತೆಯವರು ಯೂನಿಫಾರ್ಮ್ ಬದಲಿಸುವಾಗ ನೋಡಿ "ಏನಣ್ಣಾ, ಮೈಮೇಲೆ ನಕ್ಷೆ ಬರ್ಕೊಂಡಿದೀಯ" ಅಂತ ಬಿದ್ದು ಬಿದ್ದು ನಕ್ಕರು. ನಗಲಿ. ಜೊತೆಗೆ ಡಾಕ್ಟರು ಹೇಳಿದ ಮುಲಾಮು ಹಚ್ಚುತ್ತಿದ್ದದ್ದು ಕೆಂಪಿನ ಮೇಲಷ್ಟೇ ಅಲ್ಲ, ಗೆರೆಯ ಆಚೆಗೂ ಎರಡು ಸೆಂಟಿಮೀಟರ್. ಅದು ಹರಡುವುದು ಹೊರಗಡೆಗೆ ತಾನೇ? ಕಣ್ಣಿಗೆ ಕಾಣುವ ಮುಂಚೆಯೇ ಅಲ್ಲಿಗೆ ಹೋಗಿರುತ್ತದೆ.

ಐದನೇ ವಾರಕ್ಕೆ ಚರ್ಮ ಸಮ ಆಯಿತು. ನಾವೆಲ್ಲ ಸೋಲುವುದು ಈ ಜಾಗದಲ್ಲೇ. ಹಿಂದೆಲ್ಲ ನಾನು ಅಲ್ಲಿಗೇ ನಿಲ್ಲಿಸುತ್ತಿದ್ದೆ, ಟ್ಯೂಬು ಉಳಿಸಲು. ಚರ್ಮದ ಮೇಲ್ಪದರ ಹೊಸದಾಗಿ ಬರಲು ಸುಮಾರು ನಾಲ್ಕು ವಾರ ಬೇಕು, ಹಳೆ ಪದರದಲ್ಲಿ ಎಳೆಗಳು ಉಳಿದಿರುತ್ತವೆ. ಕ್ಲೀನಾದ ಮೇಲೆ ಎರಡು ವಾರ ಹಚ್ಚಿ ಅಂದಿದ್ದರು, ನಾನು ನಾಲ್ಕು ವಾರ ಹಚ್ಚಿದೆ. ಏನೂ ಇಲ್ಲದ ಚರ್ಮಕ್ಕೆ ದಿನಾ ಎರಡು ಸಲ ಮುಲಾಮು ಹಚ್ಚುವುದು ಎಷ್ಟು ಬೇಜಾರು ಅಂತ ಹಚ್ಚಿದವರಿಗೇ ಗೊತ್ತು.

ಮನೆಯವರ ವಿಷಯ ಇನ್ನೊಂದು. ನಾನು ಲಾಗ್ ಬುಕ್ ತೋರಿಸಿ ಜಂಬ ಕೊಚ್ಚುತ್ತಿದ್ದಾಗ ಹೆಂಡತಿ "ರೀ, ನನಗೂ ಒಂದಿದೆ" ಅಂದಳು. ಮಂಡಿಯ ಹಿಂದೆ, ಎಂಟು ತಿಂಗಳಿಂದ! ಮಗನ ಚಡ್ಡಿ ಇಳಿಸಿ ನೋಡಿದರೆ ಎಲಾಸ್ಟಿಕ್ ಕೆಳಗೆ ಎರಡು. ನಾನು ಗುಣ ಆಗುವುದು, ಅವರ ಟವೆಲಿನಿಂದ ಮತ್ತೆ ಹತ್ತಿಸಿಕೊಳ್ಳುವುದು, ಅಷ್ಟು ತಿಂಗಳೂ ಇದೇ ಆಟ ನಡೆದಿತ್ತು. ಇಬ್ಬರನ್ನೂ ಡಾಕ್ಟರಿಗೆ ತೋರಿಸಿ ಒಂದೇ ಸೋಮವಾರ ಔಷಧಿ ಶುರು ಮಾಡಿಸಿದೆ. ಮೂರು ಟವೆಲು, ಮೂರು ಬಣ್ಣ.

ಬಟ್ಟೆಗೆ 60 ಡಿಗ್ರಿ ನೀರು ಬೇಕು. ವಾಷಿಂಗ್ ಮೆಷಿನ್ ಕೊಂಡಿದ್ದೂ ಇದಕ್ಕೇ. ಆದರೆ ಅಭ್ಯಾಸ ಬಿಡುತ್ತದೆಯೇ, ಬಿಸಿನೀರಿನ ಗುಂಡಿ ಒತ್ತಿ ಥರ್ಮಾಮೀಟರ್ ಇಳಿಬಿಟ್ಟು ನೋಡಿದೆ. 42 ತೋರಿಸಿತು. ಅಷ್ಟಕ್ಕೆ ಫಂಗಸ್ ಹಾಯಾಗಿ ಸ್ನಾನ ಮಾಡಿಕೊಂಡು ಹೋಗುತ್ತದೆ ಅಷ್ಟೇ. ಹಾಗಾಗಿ ಒಳಬಟ್ಟೆ, ಕಾಲುಚೀಲ, ಟವೆಲು ಮಾತ್ರ ಬಕೆಟ್ಟಿನಲ್ಲಿ ಕಾದ ನೀರಿಗೆ ಹಾಕಿ ಅರ್ಧ ಗಂಟೆ ಬಿಟ್ಟು ಆಮೇಲೆ ಮೆಷಿನ್ನಿಗೆ. ಮಳೆಗಾಲದಲ್ಲಿ ಅರೆಬರೆ ಒಣಗಿದ ಚಡ್ಡಿಯ ಸೊಂಟಪಟ್ಟಿಗೆ ಇಸ್ತ್ರಿ. ಎಲಾಸ್ಟಿಕ್ ಬೇಗ ಹಾಳಾಗುತ್ತದೆ, ಆಗಲಿ.

ಬೂಟಿನ ಪ್ರಯೋಗ ನನಗೆ ತುಂಬಾ ಇಷ್ಟ. ಅಡುಗೆಮನೆಯ ತಕ್ಕಡಿಯಲ್ಲಿ ಬೂಟು ತೂಗಿದೆ (ಬೈಸಿಕೊಂಡೆ, ಅದು ಬೇರೆ). ಪಾಳಿ ಮುಗಿದಾಗ ಒಂದೊಂದು ಬೂಟು 40 ಗ್ರಾಂ ಹತ್ತಿರ ಜಾಸ್ತಿ. ಒಂದು ರಾತ್ರಿ ಇಟ್ಟರೂ ಇನ್ನೂ 15 ಗ್ರಾಂ ಒಳಗೇ. ಎರಡನೇ ದಿನಕ್ಕೆ ಮೊದಲಿನ ತೂಕ. ಅಂದರೆ ದಿನಾ ಅದೇ ಬೂಟು ಹಾಕುವವನು ಒದ್ದೆ ಬೂಟಿಗೇ ಕಾಲು ತುರುಕುತ್ತಿದ್ದಾನೆ. ಎರಡು ಜೊತೆ ಇಟ್ಟುಕೊಂಡೆ, ಒಂದು ದಿನ ಬಿಟ್ಟು ಒಂದು ದಿನ. ರಾತ್ರಿ ಬೂಟಿನೊಳಗೆ ನಾನು ಏನು ತುಂಬುತ್ತೇನೆ ಅನ್ನುವುದು ನನ್ನ ಹತ್ತಿರವೇ ಇರಲಿ. ಎಲ್ಲ ಹೇಳಿಬಿಟ್ಟರೆ ನನಗೇನು ಉಳಿಯಿತು!

ಪೌಡರ್ ವಿಷಯಕ್ಕೆ ಎಡ ಕಂಕುಳಿಗೆ ಹಾಕಿ, ಬಲಕ್ಕೆ ಹಾಕದೆ ಒಂದು ತಿಂಗಳು ನೋಡಿದೆ. ವ್ಯತ್ಯಾಸ ಕಾಣಲಿಲ್ಲ. ಮಧ್ಯಾಹ್ನಕ್ಕೆ ಎಡಗಡೆ ಹಿಟ್ಟು ಕಲಸಿದ ಹಾಗಾಗುತ್ತಿತ್ತು. ಪಾಳಿಯ ನಡುವೆ ಬನಿಯನ್ ಬದಲಿಸಿದ್ದೇ ಎಲ್ಲಕ್ಕಿಂತ ಜಾಸ್ತಿ ಕೆಲಸ ಮಾಡಿತು. ಸ್ನಾನ ಆದ ಮೇಲೆ ಫ್ಯಾನಿನ ಕೆಳಗೆ ಐದು ನಿಮಿಷ ನಿಂತು ಪೂರ್ತಿ ಒಣಗಿಸಿ, ಆಮೇಲೆ ಬಟ್ಟೆ. ಕಾಲ್ಬೆರಳ ಸಂದಿಯಲ್ಲಿ ಫಂಗಸ್ ಇರುವವರು ಚಡ್ಡಿಗಿಂತ ಮುಂಚೆ ಕಾಲುಚೀಲ ಹಾಕಿ. ಇಲ್ಲದಿದ್ದರೆ ಕಾಲಿನದ್ದನ್ನು ಚಡ್ಡಿಯೇ ಮೇಲಕ್ಕೆ ಎಳೆದು ತರುತ್ತದೆ. ಬೆಲ್ಟಿನದ್ದೂ ಒಂದು ಉಪಾಯ ಇದೆ, ಇನ್ನೊಮ್ಮೆ ಹೇಳುತ್ತೇನೆ.

ನನ್ನ ವಿಧಾನ ಎಲ್ಲರಿಗೂ ಆಗಿಲ್ಲ. ಜೊತೆಯ ಹುಡುಗನೊಬ್ಬ ತೊಡೆಸಂದಿಯ ಕಂದು ಮಚ್ಚೆಗೆ ಎರಡು ತಿಂಗಳು ನನ್ನ ಹಾಗೇ ಮಾಡಿದ. ಹೋಗಲಿಲ್ಲ. ಡಾಕ್ಟರು ಕತ್ತಲೆಯಲ್ಲಿ ನೇರಳೆ ದೀಪ ಹಿಡಿದರೆ ಮಚ್ಚೆ ಹವಳದ ಬಣ್ಣದಲ್ಲಿ ಹೊಳೆಯಿತಂತೆ. ಅದು ಫಂಗಸ್ಸೇ ಅಲ್ಲ, ಬ್ಯಾಕ್ಟೀರಿಯಾ. ಇನ್ನೊಬ್ಬನಿಗೆ ಬೆನ್ನ ತುಂಬ ಸಿಬ್ಬು. ಅದಕ್ಕೆ ಕೆಟೊಕೊನಜೋಲ್ ಶಾಂಪೂ ಬೆನ್ನಿಗೆ ಹಚ್ಚಿ ಐದು ನಿಮಿಷ ಬಿಟ್ಟು ತೊಳೆದರೆ ಆಯಿತು. ಹೊಟ್ಟು ಉದುರುವುದು ನಿಂತ ಮೇಲೂ ಬಿಳಿ ಕಲೆ ತಿಂಗಳುಗಟ್ಟಲೆ ಇರುತ್ತದೆ, ಅವನು ವಾಸಿ ಆಗಿಲ್ಲ ಅಂತ ಸುಮ್ನೆ ಮೂರು ಬಾಟಲಿ ಜಾಸ್ತಿ ಸುರಿದುಕೊಂಡ.

ನನಗೂ ಒಂದು ಬಾಕಿ ಇದೆ. ಎಡಗಾಲ ಹೆಬ್ಬೆರಳ ಉಗುರು. ಹಳದಿ, ದಪ್ಪ, ಕತ್ತರಿಸಿದರೆ ಪುಡಿ. ಇಷ್ಟು ದಿನ ಬೂಟಿನೊಳಗೆ ಅಡಗಿಕೊಂಡಿತ್ತು. ಡಾಕ್ಟರು ಬೇರೆ ಮಾತ್ರೆ ಶುರು ಮಾಡಿದ್ದಾರೆ. ಪೂರ್ತಿ ಹೊಸ ಉಗುರು ಬರಲು ವರ್ಷ, ಒಂದೂವರೆ ವರ್ಷ ಆಗುತ್ತದಂತೆ. ಬುಡದಲ್ಲಿ ತೆಳ್ಳಗೆ, ಗುಲಾಬಿ ಬಣ್ಣದಲ್ಲಿ ಹೊಸದು ಬರುತ್ತಿದೆ. ಅದರ ಅಂಚಿಗೂ ಪೆನ್ನಿನ ಗೆರೆ ಎಳೆದಿದ್ದೇನೆ. ಕಳೆದ ಭಾನುವಾರ 4 ಮಿಲಿಮೀಟರ್.