ಕಾಂಟ್ರಾ ನೃತ್ಯದ ಕರೆ: ನಾಲ್ಕು ಬೀಟ್ ಮೊದಲೇ ಬರೆದುಕೊಳ್ಳಿ

ಜೋಡಿಗಳು ಎದುರುಬದುರು ಉದ್ದ ಸಾಲುಗಳಲ್ಲಿ ನಿಂತು ಕುಣಿಯುವ ಕಾಂಟ್ರಾ ನೃತ್ಯಕ್ಕೆ ಕರೆ ಕೊಡುವವರು, ಅಂದರೆ ಮುಂದಿನ ಚಲನೆಯನ್ನು ಕೂಗಿ ಹೇಳುವವರು, ಚಲನೆಗಳ ಕಾರ್ಡ್ ಬರೆಯುವಾಗ ಪ್ರತಿ ಕರೆಯನ್ನೂ ಅದರದೇ ಚಲನೆಯ ಎದುರಿಗಲ್ಲ, ಹಿಂದಿನ ಚಲನೆಯ ಕೊನೆಯ ನಾಲ್ಕು ಬೀಟ್‌ಗಳ ಎದುರಿಗೆ ಬರೆದುಕೊಳ್ಳಿ. ಉದ್ದ ಸಾಲುಗಳು ಮುಂದೆ ಹೋಗಿ ಹಿಂದೆ ಬರಲು 8 ಬೀಟ್. ಹಿಂದೆ ಸರಿಯುವ 5ರಿಂದ 8ರೊಳಗೆ ‘ನೈಬರ್ ಸ್ವಿಂಗ್’ (ಪಕ್ಕದ ಜೋಡಿಯವರನ್ನು ಹಿಡಿದು ತಿರುಗಿ) ಎಂದು ಹೇಳಿ ಮುಗಿಸಿದರೆ, ಮುಂದಿನ ಮೊದಲ ಬೀಟ್‌ಗೆ ಜೋಡಿ ತಿರುಗಲು ಸಿದ್ಧವಾಗಿರುತ್ತದೆ. ಕಿವಿಗೆ ಬಿದ್ದ ಮಾತು ಕಾಲಿಗೆ ಇಳಿಯಲು ಅಷ್ಟು ಹೊತ್ತು ಬೇಕೇ ಬೇಕು. ಬೀಟ್ ಮೇಲೆಯೇ ಕೂಗಿದರೆ ಇಡೀ ಸಾಲು ಸಂಗೀತದ ಹಿಂದೆ ಓಡುತ್ತದೆ. ಯಾರು ಎಂಬುದು ಮೊದಲು, ಏನು ಎಂಬುದು ಆಮೇಲೆ. ಎಲ್ಲಕ್ಕಿಂತ ಸುಲಭವಾಗಿ ಮರೆತುಹೋಗುವುದು ಒಂದು ಸುತ್ತಿನ 64 ಬೀಟ್‌ಗಳ ಕೊನೆಯ ನಾಲ್ಕು: ಮುಂದಿನ ಸುತ್ತಿನ ಮೊದಲ ಕರೆ ಅಲ್ಲೇ ಬರಬೇಕು. ಅದನ್ನು ಕಾರ್ಡಿನ ತಳದಲ್ಲಿ ಕೆಂಪು ಶಾಯಿಯಲ್ಲಿ ಬರೆದಿಡಿ. ಪೆಟ್ರೊನೆಲ್ಲಾ ಎಂಬ ಚಲನೆಯಂತೆ ನಾಲ್ಕು ನಾಲ್ಕು ಬೀಟ್‌ಗಳ ತುಂಡುಗಳು ಬೆನ್ನಿಗೆ ಬೆನ್ನು ಬಂದಾಗ ಈ ಉಪಾಯ ನಡೆಯದು. ಅಲ್ಲಿ ‘ಬ್ಯಾಲೆನ್ಸ್ ಆ್ಯಂಡ್ ಸ್ಪಿನ್’ (ಹೆಜ್ಜೆ ಮುಂದಿಟ್ಟು ಹಿಂದೆ ಸರಿದು, ತಿರುಗಿ) ಎಂದು ಎರಡನ್ನೂ ಒಂದೇ ಉಸಿರಿಗೆ ಹೇಳಬೇಕು. ಹೊಸಬರೇ ತುಂಬಿದ ಸಭಾಂಗಣದಲ್ಲಿ ನಾಲ್ಕು ಬೀಟ್ ಸಾಲದು, ಆರು ಬೇಕಾದೀತು. ಬೀಟ್ ಎಣಿಕೆ 64ಕ್ಕಿಂತ ಹೆಚ್ಚೋ ಕಡಿಮೆಯೋ ಇರುವ, ಕೆನಡಾದ ಕ್ವಿಬೆಕ್‌ನ ಸೊಟ್ಟ ಧಾಟಿಗಳಿಗಂತೂ ಈ ಕಾರ್ಡನ್ನು ಜೇಬಿನಿಂದ ತೆಗೆಯಲೇಬೇಡಿ.